ನಾಲ್ಕು ತಟ್ಟೆಯ ಹಬೆಪಾತ್ರೆ

ಆ ಮನುಷ್ಯ ತನ್ನ ತುಟಿಯನ್ನೇ ನೋಡುತ್ತಿದ್ದಾನೆ ಎಂದು ಮುಹಯ್ಯೊಗೆ ಮೊದಲ ನಿಮಿಷದಲ್ಲೇ ಗೊತ್ತಾಯಿತು.

ಮರ್ಗಿಲಾನ್ ಪೇಟೆಯಲ್ಲಿ ತಗಡು ಬಡಿಯುವವರ ಸಾಲು ಅದು. ಹತ್ತು ಹನ್ನೆರಡು ಸುತ್ತಿಗೆಗಳು ಒಟ್ಟಿಗೇ ಕಿರುಚುವ ಜಾಗ. ಮಂತಿ ಎಂಬ ಹೂರಣ ತುಂಬಿದ ಕಡುಬು ಬೇಯಿಸುವ ನಾಲ್ಕು ತಟ್ಟೆಯ ಹಬೆಪಾತ್ರೆಯನ್ನು ಅವನ ಮುಂದೆ ಧಡಕ್ಕನೆ ಕುಕ್ಕಿ ಅವಳು ಜಗಳಕ್ಕೇ ನಿಂತಿದ್ದಳು.

"ಇದನ್ನ ಮಾಡಿದ್ದು ನೀವೇ ತಾನೇ? ಕೆಳಗಿನ ತಟ್ಟೇಲಿರೋ ಮಂತಿ ಮುದ್ದೆ ಆಗತ್ತೆ, ಮೇಲಿನ ತಟ್ಟೇದು ಹಸಿಹಿಟ್ಟಾಗೇ ಕೂತಿರತ್ತೆ. ನಿನ್ನೆ ಮದುವೆ ಮನೆಯವರು ಇನ್ನೂರು ಮಂತಿ ವಾಪಸ್ ಕಳಿಸಿದ್ರು. ಅಡುಗೆ ಮಾಡಿಕೊಟ್ಟು ಬದುಕೋಳು ನಾನು, ನನ್ನ ಹೆಸರು ಏನಾಗ್ಬೇಕು?"

ಅವನು ಕದಲಲಿಲ್ಲ. ಕಣ್ಣು ಅವಳ ತುಟಿಯ ಮೇಲೇ. "ಇನ್ನೊಂದ್ಸಲ ಹೇಳಿ. ಸ್ವಲ್ಪ ನಿಧಾನವಾಗಿ."

ಮುಹಯ್ಯೊಳ ಕೆನ್ನೆ ಉರಿಯಿತು. "ನಾಚಿಕೆ ಆಗಲ್ವಾ ನಿಮಗೆ? ಮುಖದ ಮೇಲೆ ಕಣ್ಣೂ ಇರ್ತವೆ, ಅವನ್ನ ನೋಡಿ ಮಾತಾಡಿ!"

ಪಕ್ಕದ ಅಂಗಡಿಯ ಮುದುಕ ಎರ್ಗಶ್ ಗೊಳ್ಳೆಂದು ನಕ್ಕ. "ಮಗಳೇ, ಹಮ್ದಮ್ ನಿನ್ನ ನೋಡ್ತಿಲ್ಲಮ್ಮ, ಕೇಳಿಸ್ಕೋತಿದಾನೆ. ತಗಡು ಬಡಿದು ಬಡಿದು ಅವನ ಕಿವಿ ಮುಕ್ಕಾಲು ಹೋಗಿದೆ. ತುಟಿ ಅಲ್ಲಾಡೋದು ನೋಡೇ ಮಾತು ಹಿಡೀತಾನೆ."

ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ. ದೂರನ್ನು ಮತ್ತೊಮ್ಮೆ ನಿಧಾನವಾಗಿ ಹೇಳಿದಳು. ಹಮ್ದಮ್ ಮಾತ್ರ ಬೇಸರಪಟ್ಟುಕೊಳ್ಳಲಿಲ್ಲ. "ನೀರು ಜಾಸ್ತಿ ಹಾಕಿರ್ತೀರಿ," ಎಂದ.

"ಹದಿನೈದು ವರ್ಷದಿಂದ ಮಂತಿ ಮಾಡ್ತಿದೀನಿ ರೀ!"

"ಹಾಗಾದ್ರೆ ನನ್ನ ಮುಂದೇನೇ ಮಾಡಿ. ಸುಳ್ಳು ಹೇಳ್ತಿರೋದು ಪಾತ್ರೆನೋ ನೀವೋ ನೋಡೇಬಿಡೋಣ."

ಗುರುವಾರ ಅವಳು ಕಣಕ, ಹೂರಣ ಎಲ್ಲ ಹೊತ್ತು ಬಂದಳು. ಅವನು ಒಲೆ ಹಚ್ಚಿದ. ಅವಳು ಹಾಳೆಯಷ್ಟು ತೆಳ್ಳಗೆ ಲಟ್ಟಿಸಿ, ಚೌಕಗಳಾಗಿ ಕತ್ತರಿಸಿ, ಸಿಹಿಗುಂಬಳ, ಈರುಳ್ಳಿ, ಕುರಿಯ ಕೊಬ್ಬು, ಜೀರಿಗೆ ಕಲಸಿದ ಹೂರಣವನ್ನು ಮಧ್ಯದಲ್ಲಿಟ್ಟು ಮೂಲೆಗಳನ್ನು ಕೂಡಿಸಿದಳು.

"ಕುಂಬಳಕಾಯಿ ತುರಿಯಲ್ವಾ?"

"ತುರಿದ್ರೆ ನೀರು ಬಿಡತ್ತೆ. ಚಾಕುವಲ್ಲಿ ಸಣ್ಣಗೆ ಹೆಚ್ಚಬೇಕು. ಉಪ್ಪು ಕೊನೇಗೆ. ಮಂತಿ ತಳಾನ ಎಣ್ಣೇಲಿ ಅದ್ದಿ ಇಟ್ರೆ ತಟ್ಟೆಗೆ ಅಂಟಲ್ಲ." ಹೇಳುತ್ತಾ ತಲೆ ಎತ್ತಿದಳು. ಅವನು ಮತ್ತೆ ತುಟಿ ನೋಡುತ್ತಿದ್ದ. ಈಗ ಕಾರಣ ಗೊತ್ತಿದ್ದರೂ ಅವಳ ಬೆರಳಲ್ಲಿದ್ದ ಮಂತಿಯ ಒಂದು ಮೂಲೆ ಬಿಚ್ಚಿಕೊಂಡಿತು.

ಮುಕ್ಕಾಲು ಗಂಟೆ ಕಳೆದು ಮುಚ್ಚಳ ತೆಗೆದರೆ ಅವಳು ಹೇಳಿದ್ದೇ ಆಗಿತ್ತು. ಹಮ್ದಮ್ ಒಂದೊಂದೇ ತಟ್ಟೆ ಎತ್ತಿ ಬೆಳಕಿಗೆ ಹಿಡಿದ. ತೂತುಗಳ ಮೇಲೆ ಬೆರಳಾಡಿಸಿದ. ಮುಚ್ಚಳದ ಒಳಮೈ ಸವರಿ ನೋಡಿದ.

"ತಪ್ಪು ನಂದೇ. ತೂತು ಕಮ್ಮಿ ಆಗಿದೆ, ಹಬೆ ಮೇಲೆ ಏರ್ತಿಲ್ಲ. ಮುಚ್ಚಳ ಚಪ್ಪಟೆ, ನೀರೆಲ್ಲ ಮಂತಿ ಮೇಲೇ ತೊಟ್ಟಿಕ್ತಿದೆ. ಹೊಸದು ಮಾಡ್ಕೊಡ್ತೀನಿ."

ಮುಹಯ್ಯೊ ಅವನ ಕಡೆ ತಿರುಗಿ ನೋಡಿದಳು. ಎಂಟು ವರ್ಷ ಒಬ್ಬನ ಜೊತೆ ಬಾಳಿದ್ದಳು. ಮಕ್ಕಳಾಗಲಿಲ್ಲವೆಂದು ಅವನು ಅವಳನ್ನು ತಾಯಿಮನೆಗೆ ತಂದುಬಿಟ್ಟು ಮೂರು ವರ್ಷವಾಗಿತ್ತು. ಅಷ್ಟೂ ವರ್ಷಗಳಲ್ಲಿ ಒಬ್ಬ ಗಂಡಸಿನ ಬಾಯಿಂದ 'ತಪ್ಪು ನಂದೇ' ಎಂಬ ಮಾತನ್ನು ಅವಳು ಕೇಳಿರಲಿಲ್ಲ.

ಬೇಯದವನ್ನು ಬದಿಗಿಟ್ಟು, ಬೆಂದ ಮಂತಿಗಳನ್ನೇ ಮೊಸರಿನ ಜೊತೆ ಅವನಿಗೆ ಬಡಿಸಿದಳು. ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷದಿಂದ ಮೊಟ್ಟೆ ಒಡೆದು ಹಾಕಿಕೊಂಡೇ ದಿನ ದೂಡುತ್ತಿದ್ದ ಮನುಷ್ಯ ಒಂಬತ್ತು ತಿಂದ. ಎರ್ಗಶ್‌ಗೆ ಎರಡೇ ಸಿಕ್ಕವು. ಅವನು ಅದನ್ನು ಬಹಳ ದಿನ ಆಡಿಕೊಂಡ.

ಹೊಸ ಪಾತ್ರೆ ಬಂತು. ಆಮೇಲೆ ಗುರುವಾರ ಗುರುವಾರ ಏನಾದರೊಂದು ನೆಪ. ಒಮ್ಮೆ ಹಿಡಿ ಸಡಿಲ, ಒಮ್ಮೆ ತಟ್ಟೆ ಡೊಂಕು. ಯಾವುದೂ ನಿಜವಾಗಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಒಂದು ದಿನ ಅವನು ಒಂದೇ ಒತ್ತಿಗೆ ಒಂಬತ್ತು ಚೌಕ ಕತ್ತರಿಸುವ ತಗಡಿನ ಅಚ್ಚು ಮಾಡಿಟ್ಟಿದ್ದ.

"ನಾನು ಕೇಳಿರ್ಲಿಲ್ವಲ್ಲ?"

"ಕತ್ತರಿಸೋವಾಗ ನಿಮ್ಮ ಮಣಿಕಟ್ಟು ನೋಯತ್ತೆ. ಮತ್ತೆ ಮತ್ತೆ ಉಜ್ಜಿಕೊಳ್ತಿದ್ರಿ, ಮುಹಯ್ಯೊಖಾನ್."

ಹೆಸರಿಗೆ ಆ ಗೌರವದ ಬಾಲ ಮೊದಲ ಸಲ ಸೇರಿತ್ತು. "ತುಟಿ ಮಾತ್ರ ನೋಡ್ತೀರಿ ಅಂದ್ಕೊಂಡಿದ್ದೆ," ಎಂದಳು. ಅವನ ಕಿವಿ ಕೆಂಪಾದವು. ಅದಕ್ಕಂತೂ ಅವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು.

ಚಳಿಗಾಲದ ಕೊನೆಯಲ್ಲಿ ಕೊಕಾಂದ್‌ನಿಂದ ಹೆಣ್ಣು ಕೇಳಲು ಬಂದರು. ಬಟ್ಟೆ ಅಂಗಡಿಯವನು, ಹೆಂಡತಿ ಸತ್ತವನು, ಮೂರು ಮಕ್ಕಳು. "ನಿನಗೆ ಮಡಿಲು ತುಂಬ್ಲಿಲ್ಲ, ಅಲ್ಲಿ ತುಂಬಿದ ಮನೇನೇ ಸಿಗತ್ತೆ. ಯೋಚ್ನೆ ಮಾಡ್ಬೇಡ," ಎಂದಳು ತಾಯಿ.

ಮುಹಯ್ಯೊ ನೇರ ಪೇಟೆಗೆ ಹೋದಳು. ಹೇಳುವಾಗ ನಾಚಿಕೆಯೋ ಸಂಕಟವೋ, ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಹಮ್ದಮ್ ಸ್ವಲ್ಪ ಹೊತ್ತು ನೋಡಿ, ತಲೆಯಾಡಿಸಿ, "ಒಳ್ಳೇದು. ತುಂಬ ಒಳ್ಳೇದು," ಎಂದ.

ಅಷ್ಟೇನಾ? ಅವಳು ತಿರುಗಿ ನೋಡದೆ ಹೋದಳು. ಎರಡು ಗುರುವಾರ ಪೇಟೆಯ ಕಡೆ ತಲೆ ಹಾಕಲಿಲ್ಲ. ಮೂರನೆಯ ಗುರುವಾರ ಅಚ್ಚನ್ನು ವಾಪಸ್ ಕೊಡಲೆಂದು ಬಂದಳು.

"ತಗೊಳ್ಳಿ. ಕೊಕಾಂದ್‌ನಲ್ಲಿ ಅಡುಗೆಗೆ ಆಳಿದಾರಂತೆ."

ಹಮ್ದಮ್ ಸುತ್ತಿಗೆ ಕೆಳಗಿಟ್ಟ. "ಕೊಕಾಂದಾ? ಯಾಕೆ?"

"ಅವತ್ತೇ ಹೇಳಿದ್ನಲ್ಲ! ಅಲ್ಲಿಗೆ ಕೊಡ್ತಾರಂತೆ ನನ್ನ. ನೀವು ಒಳ್ಳೇದು ಅಂದ್ರಿ!"

"ಅವತ್ತು ನೀವು ಬಾಯಿಗೆ ಬಟ್ಟೆ ಹಿಡಿದಿದ್ರಿ." ಅವನ ಮುಖ ಬಿಳಿಚಿಕೊಂಡಿತ್ತು. "ದೊಡ್ಡ ಆರ್ಡರ್ ಬಂದಿದೆ ಅಂತಿದೀರಿ ಅಂದ್ಕೊಂಡೆ. ಮತ್ತೆ ಕೇಳೋಕೆ ಸಂಕೋಚ ಆಯ್ತು. ಎಷ್ಟು ಸಲ ಅಂತ ನಿಮ್ಮನ್ನ ಮತ್ತೆ ಹೇಳಿ, ಮತ್ತೆ ಹೇಳಿ ಅನ್ನಲಿ?"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ನಿಮಗೆ ಇಷ್ಟಾನಾ?" ಎಂದ.

"ಇಲ್ಲ," ಎಂದಳು ನೆಲ ನೋಡುತ್ತ.

"ಏನಂದ್ರಿ?"

"ಇಲ್ಲ ಅಂದೆ! ನನಗೆ ನೀವು ಬೇಕು!"

ಸಾಲಿನ ಸುತ್ತಿಗೆಗಳೆಲ್ಲ ಒಟ್ಟಿಗೇ ನಿಂತವು. ಎರ್ಗಶ್ ಚಹಾದ ಬಟ್ಟಲನ್ನು ಬಾಯಿಯ ಹತ್ತಿರ ಹಿಡಿದವನು ಹಾಗೇ ಉಳಿದ. ಮುಹಯ್ಯೊ ತಲೆವಸ್ತ್ರದ ಅಂಚು ಹಿಡಿಯಲು ಕೈ ಎತ್ತಿ, ಅರ್ಧದಲ್ಲೇ ಇಳಿಸಿದಳು. ಹೇಳಲೇಬೇಕಾದದ್ದು ಇನ್ನೊಂದಿತ್ತು. ಅದು ಈ ಸಾಲಿಗೆ ಕೇಳಿಸುವ ಮಾತಲ್ಲ. ಅವನ ಕಡೆಗೇ ಮುಖ ಎತ್ತಿ, ದನಿ ಹೊರಡಿಸದೆ, ತುಟಿ ಮಾತ್ರ ಆಡಿಸಿ ಹೇಳಿದಳು: ನನಗೆ ಮಕ್ಕಳಾಗಲ್ಲ.

ಬೇರೆ ಯಾರಿಗೂ ಏನೂ ತಿಳಿಯಲಿಲ್ಲ. ಹಮ್ದಮ್ ಒಬ್ಬನೇ ಕೊನೆಯ ಅಕ್ಷರದವರೆಗೂ ಓದಿದ. ಅವಳ ತುಟಿಯಿಂದ ಅವನ ಕಣ್ಣು ನಿಧಾನವಾಗಿ ಮೇಲೇರಿ ಅವಳ ಕಣ್ಣಿಗೆ ಬಂದು ನಿಂತಿತು.

"ಭಾನುವಾರ ನಮ್ಮಕ್ಕ ನಿಮ್ಮ ಮನೆಗೆ ಬರ್ತಾಳೆ," ಎಂದ. "ನಿಮ್ಮಮ್ಮ ಮನೇಲಿರ್ತಾರಾ?"

ಅಕ್ಕ ಬಂದಳು, ಸಂಬಂಧ ಕೂಡಿಬಂದರೆ ಎರಡೂ ಮನೆಯವರು ಸೇರಿ ಮುರಿಯುವ ರೊಟ್ಟಿಯನ್ನು, ಎರಡು ಜೊತೆ, ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು. ತಾಯಿ ಮೊದಲು ಮುಖ ಗಂಟಿಕ್ಕಿಕೊಂಡಿದ್ದಳು. ಕೊಕಾಂದ್‌ನವರು ದೊಡ್ಡ ಜನ. ಇವನು ತಗಡಿನವನು, ಸಾಲದ್ದಕ್ಕೆ ಕಿವುಡ. ಚಹಾ ಎರಡು ಸುತ್ತು ಮುಗಿದರೂ ಮಾತು ಮುಂದೆ ಹೋಗಲಿಲ್ಲ. ಕೊನೆಗೆ ಮಗಳನ್ನೇ ಒಳಗೆ ಕರೆದು ಕೇಳಿದಳು.

"ನಿಜ ಹೇಳು. ಎಲ್ಲಾ ಗೊತ್ತಾ ಅವನಿಗೆ?"

"ಗೊತ್ತು ಅಮ್ಮ. ನಾನೇ ಹೇಳಿದೆ."

"ಏನಂದ?"

"ನೀನು ಮನೇಲಿರ್ತೀಯಾ ಅಂತ ಕೇಳ್ದ."

ತಾಯಿ ಮಗಳ ತಲೆ ಸವರಿದಳು. ತಲೆವಸ್ತ್ರದ ಅಂಚಿನಿಂದ ಕಣ್ಣೊತ್ತಿಕೊಂಡು ಹೊರಗೆ ಬಂದು ಕೂತಳು. ಬಟ್ಟೆ ಬಿಡಿಸಿ ಮೇಲಿನ ರೊಟ್ಟಿ ಕೈಗೆತ್ತಿಕೊಂಡು, ಒಂದು ಅಂಚು ತಾನು ಹಿಡಿದು ಇನ್ನೊಂದನ್ನು ಹಮ್ದಮ್‌ನ ಅಕ್ಕನ ಕಡೆಗೆ ಚಾಚಿದಳು. ಇಬ್ಬರು ಹೆಂಗಸರೂ ಒಟ್ಟಿಗೆ ಅದನ್ನು ಮುರಿದರು.