ನಡುವಿನ ಫಾರಂ

“ಮದುವೆ ಯಾವಾಗ ಮೇಡಂ?”

ಯಮುನಾ ಪ್ರೆಸ್ಸಿನ ಹೊಸ್ತಿಲು ದಾಟಿ ಇನ್ನೂ ಕೊಡೆ ಮಡಚಿರಲಿಲ್ಲ. ಮೇಜಿನ ಆಚೆಗಿದ್ದವನು ಲಗ್ನಪತ್ರಿಕೆಗಳ ದಪ್ಪ ಆಲ್ಬಂ ಬಿಚ್ಚಿ, ಹೊಂಬಣ್ಣದ ಗಣಪತಿಯ ಮೇಲೆ ಬೆರಳಿಟ್ಟು ಅವಳ ಮುಖ ನೋಡುತ್ತಿದ್ದ.

“ಮದುವೆ ಅಲ್ಲ, ಮುಟ್ಟು,” ಎನ್ನುತ್ತ ಅವಳು ಕೈಲಿದ್ದ ಹಸ್ತಪ್ರತಿಯನ್ನು ಆಲ್ಬಮ್ಮಿನ ಪಕ್ಕಕ್ಕಿಟ್ಟಳು. “ಪುಸ್ತಕ. ಅಚ್ಚು ಹಾಕಿಸ್ಬೇಕು.”

ಅವನ ಕಿವಿಯ ತುದಿ ಮೆಲ್ಲಗೆ ಕೆಂಪಾಯಿತು. ಅವಳು ಅದನ್ನು ಕಂಡಳು. ಅವಳು ಕಂಡದ್ದನ್ನು ಅವನೂ ಕಂಡ, ಕೂಡಲೇ ಆಲ್ಬಂ ಮುಚ್ಚಿದ.

ತುಮಕೂರು ರಸ್ತೆಯುದ್ದಕ್ಕೂ ಮೆಟ್ರೋ ಕಂಬಗಳಿಗೆ ಗುಂಡಿ ತೋಡುತ್ತಿದ್ದ ವರ್ಷ ಅದು. ಯಮುನಾ ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ನರ್ಸ್. ಆರು ತಿಂಗಳ ಹಿಂದೆ, ಕಾಲರ್ ಹೊಲಿಯುವ ಗೌರಿ ಎಂಬ ಹತ್ತೊಂಬತ್ತರ ಹುಡುಗಿ ಮಿಷನ್ನಿನ ಮೇಲೇ ಕುಸಿದುಬಿದ್ದಿದ್ದಳು. ಎರಡು ತಿಂಗಳಿಂದ ರಕ್ತ ನಿಂತಿರಲಿಲ್ಲವಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, “ಏನಂತ ಹೇಳೋದು ಅಕ್ಕಾ?” ಎಂದಿದ್ದಳು.

ಆ ಪ್ರಶ್ನೆ ಯಮುನಾಳನ್ನು ಬಿಡಲಿಲ್ಲ. ನರ್ಸಿಂಗ್ ಓದುವಾಗಿನ ಇಂಗ್ಲಿಷ್ ಕೈಪಿಡಿಯೊಂದನ್ನು, ಬರೆದವರ ಒಪ್ಪಿಗೆ ತರಿಸಿಕೊಂಡು, ಊಟದ ಬಿಡುವಿನಲ್ಲಿ ಕೂತು ಕನ್ನಡಕ್ಕಿಳಿಸಿದಳು. ‘ಒಡಲ ಓದು’ ಎಂದು ಹೆಸರಿಟ್ಟಳು. ಜಾಲಹಳ್ಳಿಯ ಮಹಿಳಾ ಸಂಘ ಅಚ್ಚು ಹಾಕಿಸಲು ಮುಂದೆ ಬಂತು.

ಕರಡು ತಿದ್ದುವುದು ಆ ಪ್ರೆಸ್ಸಿನಲ್ಲಿ ಇಬ್ಬರ ಕೆಲಸ. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಕೇಳಬೇಕು. ಓದುವವನು ನರಹರಿ, ಅದೇ ಕೆಂಪು ಕಿವಿಯವನು. ಕೇಳುವವಳು ಯಮುನಾ. ಪ್ರತಿ ಶನಿವಾರ, ಶಿಫ್ಟ್ ಮುಗಿದ ಮೇಲೆ.

ಅವನ ದನಿ ಅವಳು ಎಣಿಸಿದಂತಿರಲಿಲ್ಲ. ತಾಯಿ ದಿನಾ ದೀಪ ಹಚ್ಚಿ ಪದ್ಯ ಓದುವ ಮನೆಯಲ್ಲಿ ಬೆಳೆದವನಂತೆ. ಗದ್ಯವನ್ನೂ ಹಾಗೇ ಓದುತ್ತಿದ್ದ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಬಲ್ಲವನ ಹಾಗೆ. ಅವನು ‘ಎದೆಗೂಡು’ ಎಂದರೆ ಒಳಗೊಂದು ಹಕ್ಕಿ ಕೂತಿದೆ ಎನ್ನಿಸುತ್ತಿತ್ತು. ಎಷ್ಟೋ ಸಲ ಅವಳ ಪೆನ್ಸಿಲ್ ತಪ್ಪನ್ನು ದಾಟಿ ಮುಂದೆ ಹೋಗಿಬಿಡುತ್ತಿತ್ತು.

ನಡುವಿನ ಅಧ್ಯಾಯ ಬಂದ ದಿನ ಮಾತ್ರ ಆ ದನಿ ನೆಲ ಹಿಡಿಯಿತು.

“ಗರ್ಭಕೋಶದ ಬಾಯಿಯ ಕೆಳಗೆ…” ಮುಂದಿನ ಪದವನ್ನು ಅವನು ನುಂಗಿದ.

“ಕೇಳಿಸ್ಲಿಲ್ಲ.”

ಅವನು ಕೆಮ್ಮಿದ.

“ಕೆಮ್ಮು ಅಂತ ನಾನು ಬರ್ದಿಲ್ಲ ಸಾರ್.”

“ಯೋನಿ,” ಎಂದ, ಹಾಳೆಯೊಳಗೇ.

“ಪೆನ್ಸಿಲ್ ಹಿಡ್ದಿರೋಳು ನಾನು. ಮೇಜಿಗೆ ಹೇಳಿದ್ರೆ ಹೇಗೆ?”

ಅವನು ತಲೆಯೆತ್ತಿದ. ಮೊದಲ ಸಲ ಅವಳ ಕಣ್ಣನ್ನೇ ನೋಡಿ ಆ ಪದವನ್ನು ಓದಿದ, ಮೂಗು, ಮೊಣಕೈ ಎಂದು ಓದಿದಷ್ಟೇ ಸ್ಪಷ್ಟವಾಗಿ. ಕಿವಿಗಳು ಮಾತ್ರ ದಾಸವಾಳವಾಗಿದ್ದವು. ಅವಳು ನಗಲಿಲ್ಲ. ನಗಬಾರದೆಂದು ಕೆಳತುಟಿ ಕಚ್ಚಿಕೊಂಡದ್ದು ಅವನಿಗೆ ಕಾಣಿಸಿತು.

“ಈಗ ನನ್ನ ಸರದಿ ಮೇಡಂ. ಈ ವಾಕ್ಯ ಕೇಳಿ. ‘ಗರ್ಭಾಶಯದ ಅಂತಃಸ್ತರವು ಪ್ರತಿ ಮಾಸವೂ ವಿಸರ್ಜಿಸಲ್ಪಡುತ್ತದೆ.’ ಓದಿದ್ರೆ ಉಸಿರೇ ನಿಲ್ಲತ್ತೆ.”

“ವಿಜ್ಞಾನ ಹಾಗೇ ಇರೋದು.”

ಮೂಲೆಯಲ್ಲಿ ಹೊಸ ಪಂಚಾಂಗದ ಹಾಳೆ ಮಡಚುತ್ತಿದ್ದ ಸಿದ್ದಕ್ಕ ತಲೆ ಎತ್ತದೆ ಕೇಳಿದಳು: “ಅದೇನವ್ವಾ, ಕೋರ್ಟ್ ನೋಟೀಸಾ?”

ಯಮುನಾಗೆ ಮೊದಲು ಸಿಟ್ಟು ಬಂತು, ಮನೆ ಸೇರುವ ಹೊತ್ತಿಗೆ ನಾಚಿಕೆಯಾಯಿತು. ಮುಂದಿನ ಶನಿವಾರ ಬೇರೆ ಹಾಳೆ ತಂದಳು. ನರಹರಿ ಓದಿದ:

“ಮಗು ಬಂದೀತೆಂದು ಗರ್ಭಕೋಶ ಪ್ರತಿ ತಿಂಗಳೂ ತನ್ನೊಳಗೆ ಮೆತ್ತನೆಯ ಹಾಸಿಗೆ ಹಾಸುತ್ತದೆ. ಬಾರದಿದ್ದರೆ ಅದನ್ನು ಕಳಚಿ ಹೊರಗೆ ಕಳಿಸುತ್ತದೆ. ಅದೇ ಮುಟ್ಟು. ಮಗುವಿಗೆಂದು ಹಾಸಿದ್ದು ಕೊಳೆ ಹೇಗಾದೀತು?”

ಸಿದ್ದಕ್ಕನ ಕೈ ನಿಂತಿತು. “ಇನ್ನೊಂದ್ ಕಿತ ಓದಪ್ಪ.”

ಅವನು ಓದಿದ.

“ಮೂರು ಎರ್ಗೆ ಕಂಡಿವ್ನಿ,” ಎಂದಳು ಆಕೆ. “ಇದ್ನ ಯಾರೂ ಯೋಳಿರ್ನಿಲ್ಲ.”

ಅಂದು ಇಬ್ಬರೂ ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ನಡೆದರು. ಮೆಟ್ರೋ ಧೂಳಿಗೆ ಅವಳು ವೇಲನ್ನು ಮೂಗಿಗೆ ಹಿಡಿದಿದ್ದಳು.

“ಪ್ರೆಸ್ಸಲ್ಲಿ ದಿನಾ ಚೌಡಮ್ಮನ ಪಟಕ್ಕೆ ಹೂ ಏರಿಸೋರು ನೀವು. ಇದನ್ನೆಲ್ಲ ಓದೋಕೆ ಮುಜುಗರ ಆಗಲ್ವಾ?”

“ಓದೋ ಮುಂಚೆ ಆಗ್ತಿತ್ತು,” ಎಂದ.

ಜಾಲಹಳ್ಳಿ ಬಸ್ಸು ಬಂತು. ಅವಳು ಹತ್ತಲಿಲ್ಲ. “ತುಂಬಾ ರಶ್ಶು,” ಎಂದಳು. ಅರ್ಧ ಸೀಟುಗಳು ಖಾಲಿಯಿದ್ದ ಆ ಬಸ್ಸು ಹೋಗುವುದನ್ನು ಇಬ್ಬರೂ ಗಂಭೀರವಾಗಿ ನೋಡಿದರು.

ಪ್ರೆಸ್ಸಿಗೊಂದು ಪದ್ಧತಿಯಿತ್ತು. ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ. ಪ್ರತಿ ಫಾರಮ್ಮಿನ ಮೊದಲ ಹಾಳೆಯನ್ನು ಮಾಲೀಕ ಭೀಮಪ್ಪನವರ ಮನೆದೇವರಾದ ಚೌಡಮ್ಮನ ಪಟದ ಮುಂದಿಟ್ಟು, ಕುಂಕುಮ ಹಚ್ಚಿ, ಆಮೇಲೇ ಮಿಕ್ಕ ಹಾಳೆಗಳಿಗೆ ಮಿಷನ್ ಓಡಿಸಬೇಕು. ‘ಒಡಲ ಓದು’ ಮೂರು ಫಾರಮ್ಮಿನ ಪುಸ್ತಕ. ಮೊದಲನೆಯದು ಸರಾಗವಾಗಿ ಮುಗಿಯಿತು. ನಡುವಿನದು ಮಿಷನ್ನಿಗೇರಿದ ದಿನ ಯಮುನಾ ಅಲ್ಲೇ ಇದ್ದಳು. ಹೊರಬಂದ ಮೊದಲ ಹಾಳೆಯನ್ನು ಭೀಮಪ್ಪ ಕೈಗೆತ್ತಿಕೊಂಡರು. ಗರ್ಭಕೋಶದ ಚಿತ್ರ ನೋಡಿದರು. ಪಕ್ಕದ ಸಾಲು ಓದಿದರು. ಹಾಳೆಯನ್ನು ಮಗುಚಿ ಹಾಕಿದರು.

“ಇದು ಅಮ್ಮನ ಮುಂದೆ ಹೋಗಲ್ಲ. ಅಲ್ಲಿಗೆ ಹೋಗ್ದೇ ಇರೋದು ನನ್ ಮಿಷನ್ನಲ್ಲಿ ಓಡಲ್ಲ. ಬೇಜಾರ್ ಮಾಡ್ಕೋಬೇಡಿ ಮೇಡಂ. ಮೊದಲ್ನೇದು, ಕೊನೇದು ಸೇರಿಸಿ ಹೊಲಿದು ಕೊಡ್ತೀನಿ. ನಡುವೆ ಹೋಗಿದ್ದು ಯಾರಿಗೂ ಗೊತ್ತಾಗಲ್ಲ.”

“ಗೊತ್ತಾಗ್ಲಿ ಅಂತಲೇ ಬರ್ದಿದ್ದು,” ಎಂದಳು ಯಮುನಾ. “ಗೌರಿ ಬಾಯಿಗೆ ಸಿಗ್ದೇ ಇದ್ದ ಮಾತು ಇರೋದೇ ಇದರಲ್ಲಿ. ಇದು ಬೇಡ ಅಂದ್ರೆ ಮಿಕ್ಕಿದ್ದನ್ನೂ ರದ್ದಿಗೆ ಹಾಕಿ.”

“ಹಾಗಾದ್ರೆ ಬೇರೆ ಪ್ರೆಸ್ ನೋಡ್ಕೊಳಿ.”

“ಅಂಗಾರೆ ಪಂಚಾಂಗನ ನೀವೇ ಮಡ್ಸ್ಕಳಿ ಸಾಮಿ,” ಎಂದು ಸಿದ್ದಕ್ಕ ಕೈಕಟ್ಟಿ ಕೂತಳು.

ನರಹರಿ ಮಗುಚಿಬಿದ್ದ ಹಾಳೆಯನ್ನು ಎತ್ತಿಕೊಂಡ. “ಅಮ್ಮ ಅಂತ ದಿನಾ ಕೈ ಮುಗೀತೀವಿ ಸಾರ್. ಅಮ್ಮಂಗೇ ಇದನ್ನ ತೋರಿಸ್ಬಾರ್ದಾ?”

“ಇಟ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ.”

“ಆಯ್ತು ಸಾರ್. ಇವತ್ತು ಇಡ್ತೀನಿ.”

ಹನ್ನೊಂದು ವರ್ಷ ಆ ಪಟಕ್ಕೆ ದೀಪ ಹಚ್ಚಿದವನ ದನಿ ಅದು, ಏರಲೂ ಇಲ್ಲ, ಇಳಿಯಲೂ ಇಲ್ಲ. ಅವನು ಕುಂಕುಮದ ಬಟ್ಟಲನ್ನು ಯಮುನಾಳ ಮುಂದೆ ಹಿಡಿದ. “ನಿಮ್ಮ ಪುಸ್ತಕ. ನೀವೇ ಹಚ್ಚಿ.”

ಇಷ್ಟು ಹೊತ್ತು ಎದೆಯೊಡ್ಡಿ ನಿಂತಿದ್ದವಳ ಕೈ ಮುಂದೆ ಬರಲಿಲ್ಲ. ಇವು ಮನೆಯಲ್ಲಿ ಅವಳು ಒಳಗೆ ಬಾರದಂತೆ ಅಮ್ಮ ದೇವರಕೋಣೆಯ ಬಾಗಿಲು ಎಳೆದುಕೊಳ್ಳುವ ದಿನಗಳು. ಕೊಳೆಯಲ್ಲ ಎಂದು ಬರೆದವಳು ತಾನೇ. ಬರೆಯುವುದು ಮೇಜಿನ ಮೇಲೆ, ಇದು ದೇವರ ಎದುರಿಗೆ.

“ನರಹರಿ,” ಎಂದಳು, ಅವನಿಗಷ್ಟೇ ಕೇಳುವಂತೆ. “ನಂಗೆ ಇವತ್ತು ಎರಡನೇ ದಿನ.”

ಅವನು ಬಟ್ಟಲು ಹಿಂದಕ್ಕೆಳೆದುಕೊಳ್ಳುತ್ತಾನೆ, ಆಮೇಲೆ ತಾನು ಬಸ್ಸು ಹತ್ತಿ ಹೊರಟುಹೋಗಬೇಕು, ಇಷ್ಟೇ ಎಂದುಕೊಂಡಳು. ಬಟ್ಟಲು ಅಲುಗಲಿಲ್ಲ.

“ಕೊಳೆ ಹೇಗಾದೀತು ಅನ್ನೋ ಆ ಹದಿನೇಳನೇ ಪುಟ ಎರಡು ಸಲ ಓದಿದ್ದೀನಿ,” ಎಂದ ಅವನು. “ನಂಬ್ದೇ ಓದ್ಲಿಲ್ಲ.”

ಅವಳು ಬೆರಳದ್ದಿದಳು. ಹಾಳೆಯ ಮೇಲೆ, ಗರ್ಭಕೋಶದ ಚಿತ್ರದ ನೆತ್ತಿಗೆ ಒಂದು ಬೊಟ್ಟಿಟ್ಟಳು. ತಾನೇ ಒಯ್ದು ಪಟದ ಮುಂದೆ ಇಟ್ಟು, ಕಣ್ಣು ತಗ್ಗಿಸದೆ ಕೈಮುಗಿದಳು.

ಭೀಮಪ್ಪ ಪಟವನ್ನು ನೋಡಿದರು, ಮಡಚದೆ ಬಿದ್ದಿದ್ದ ಪಂಚಾಂಗವನ್ನು ನೋಡಿದರು, ಮತ್ತೆ ಪಟವನ್ನು ನೋಡಿದರು. “ಎಲ್ಲಾ ಸೇರ್ಕೊಂಡು ಏನ್ಬೇಕಾದ್ರೂ ಮಾಡ್ಕೊಳಿ. ನಾನು ಕಾಫಿಗೆ ಹೋಗ್ತೀನಿ,” ಎಂದು ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ತಿರುಗಿ, “ಬೆಳಿಗ್ಗೆ ಲೇಟ್ ಮಾಡ್ಬೇಡ ನರಹರಿ. ದೀಪ ಹಚ್ಚೋರ್ಯಾರು?” ಎಂದರು.

ಮಿಷನ್ ಓಡಿತು. ಹಾಳೆಯ ಮೇಲೆ ಹಾಳೆ ಬಿದ್ದು ನಡುವಿನ ಫಾರಂ ಗೇಣೆತ್ತರ ಬೆಳೆಯಿತು. ನರಹರಿ ಅವಳ ಪಕ್ಕಕ್ಕೆ ಬಂದು ನಿಂತು ಏನೋ ಹೇಳಿದ.

“ಕೇಳಿಸ್ಲಿಲ್ಲ,” ಎಂದಳು.

ಅವನು ಕೆಮ್ಮಲಿಲ್ಲ, ಮೇಜನ್ನೂ ನೋಡಲಿಲ್ಲ. ಮಿಷನ್ನಿನ ಸದ್ದಿಗಿಂತ ಮೇಲೆ ದನಿ ಎತ್ತಿ, ಸಿದ್ದಕ್ಕನಿಗೂ ಚೌಡಮ್ಮನಿಗೂ ಕೇಳುವಂತೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಕೇಳಿದ.

“ಮದುವೆ ಯಾವಾಗ ಮೇಡಂ?”

ಈ ಸಲ ಬಿಸಿಯಾದದ್ದು ಅವಳ ಕಿವಿ. “ಮೊದ್ಲು ಇದರ ಹೊಲಿಗೆ ಮುಗೀಲಿ,” ಎಂದಳು.

ಸಿದ್ದಕ್ಕ ಪಂಚಾಂಗವನ್ನು ಆಚೆ ಸರಿಸಿದಳು. ‘ಒಡಲ ಓದು’ ಪುಸ್ತಕದ ಮೊದಲ ಫಾರಮ್ಮಿನ ಹಾಳೆಗಳನ್ನು ಮಡಿಲ ಹತ್ತಿರಕ್ಕೆ ಎಳೆದುಕೊಂಡು ಬಿರಬಿರನೆ ಮಡಚತೊಡಗಿದಳು.