ಅತ್ತಿಗೆಯ ಸೂಟ್‌ಕೇಸು

ಈ ಸಂಗತಿಯನ್ನು ಮೊದಲು ಹೇಳಿದವನು ಅದನ್ನು ಅನುಭವಿಸಿದವನೇ. ಪತ್ತೇದಾರಿಕೆಯಿಂದ ಹೊಟ್ಟೆ ಹೊರೆಯುತ್ತಿದ್ದ ಅವನನ್ನು ಬಂದರಿನ ಜನ ‘ಜಿಗಣೆ’ ಎಂದು ಕರೆಯುತ್ತಿದ್ದರು. ಹಿಡಿದವರನ್ನು ಬಿಡುತ್ತಿರಲಿಲ್ಲವೆಂಬ ಕಾರಣಕ್ಕೆ. ಹಡಗು ನಿಲ್ಲುವ ಹೊಸ ಧಕ್ಕೆ ಕಟ್ಟಿ ಮುಗಿದ ವರ್ಷ, ಒಂದು ರಜೆಯ ಮಧ್ಯಾಹ್ನ, ಬಂದರಿನ ಹಿಂಬದಿಯ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಹೇಳಿದ್ದು. ಆಮೇಲೆ ಹೇಳಿದವರ ಬಾಯಲ್ಲಿ ಪಿಸ್ತೂಲು ಎರಡಾಗಿದೆ, ಸೂಟ್‌ಕೇಸು ಕೆಂಪಾಗಿದೆ. ಅವನು ಹೇಳಿದಾಗ ಪಿಸ್ತೂಲು ಒಂದೇ ಇತ್ತು, ಸೂಟ್‌ಕೇಸು ಬೂದು ಬಣ್ಣದ್ದಾಗಿತ್ತು. ಅವನು ಹೇಳಿದ ಹಾಗೆಯೇ ಇಲ್ಲಿದೆ.

ಬೆನ್ನಿಗೆ ಪಿಸ್ತೂಲು ಒತ್ತಿತ್ತು.

ಹಾಡುಹಗಲು. ಸುತ್ತ ನೂರಾರು ಜನ. ಎಲ್ಲರ ತಲೆಯ ಮೇಲೂ ಹೊಸ ಟೋಪಿ, ಎಲ್ಲರ ಮುಖದಲ್ಲೂ ರಜೆ. ಕ್ರೂಸ್ ಹಡಗು ಹತ್ತುವ ದಿನ ಟರ್ಮಿನಲ್ಲಿನ ಸಾಲು ಹೇಗಿರುತ್ತದೆಂದು ನಿಮಗೆ ಗೊತ್ತು. ಹಗ್ಗ ಕಟ್ಟಿ ಹಾವಿನಂತೆ ಸುತ್ತಿಸಿರುತ್ತಾರೆ. ಎಷ್ಟು ನಡೆದರೂ ಇದ್ದಲ್ಲೇ ಇರುತ್ತೀರಿ.

ನನ್ನ ಎಡ ಹೆಗಲಿಗೆ ನನ್ನ ಚೀಲ. ಬಲಗೈಯಲ್ಲಿ ಬೂದು ಬಣ್ಣದ ಸೂಟ್‌ಕೇಸು. ಬೆನ್ನಿಗೆ ಅಂಟಿಕೊಂಡಂತೆ ಒಬ್ಬ ಭಾರಿ ಆಳು. ಅವನ ಕೈಯ ಮೇಲೆ ಮಡಿಸಿದ ಕೋಟು, ಕೋಟಿನ ಕೆಳಗೆ ಪಿಸ್ತೂಲು, ಬಾಯಲ್ಲಿ ಏಲಕ್ಕಿ.

“ಅತ್ತಿಗೆಯವರು ಎಲ್ಲಿ?” ಎಂದ.

“ಯಾರ ಅತ್ತಿಗೆ?”

“ನಮ್ಮ ಅತ್ತಿಗೆ, ಸ್ವಾಮಿ. ಆ ಸೂಟ್‌ಕೇಸಿನ ಹಿಡಿಗೆ ತಂತಿ ಸುತ್ತಿದೆಯಲ್ಲ, ಅದನ್ನ ಸುತ್ತಿ ಕೊಟ್ಟವನು ನಾನೇ.”

ಕೆಳಗೆ ನೋಡಿದೆ. ತಂತಿ ಇತ್ತು. ಅಚ್ಚುಕಟ್ಟಾಗಿ ಸುತ್ತಿದ್ದ.

ಹೆದರಿಕೆ ಬರಬೇಕಿತ್ತು. ಬರಲಿಲ್ಲ. ಆ ವರ್ಷ ನನಗೆ ಏನೂ ಬರುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ದವಡೆಗೆ ಸೂಜಿ ಚುಚ್ಚುತ್ತಾರಲ್ಲ... ಕೆನ್ನೆ ಇದೆ ಎಂದು ಗೊತ್ತಿರುತ್ತದೆ, ಆದರೆ ಅದು ನಿಮ್ಮದಲ್ಲ. ನಾನು ಇಡಿಯಾಗಿ ಹಾಗಿದ್ದೆ.

ಕೆಲಸ ಗಂಟುಬಿದ್ದದ್ದೂ ಹಲ್ಲಿನ ಡಾಕ್ಟರರ ಕುರ್ಚಿಯಲ್ಲೇ. ಸೂಜಿ ಚುಚ್ಚಿ ಡಾಕ್ಟರು ಆಚೆ ಹೋಗಿದ್ದರು. ಅವರ ಸಹಾಯಕಿ ನನ್ನ ಬಾಯೊಳಗೆ ಎಂಜಲು ಹೀರುವ ನಳಿಗೆ ಹಿಡಿದುಕೊಂಡೇ ಬಗ್ಗಿ ಕೇಳಿದಳು: ಕಾಣೆಯಾದವರನ್ನು ಹುಡುಕಿ ಕೊಡುತ್ತೀರಂತೆ, ಇದ್ದವರನ್ನು ಕಾಣೆ ಮಾಡಲು ಬರುತ್ತದೆಯೇ? ನನ್ನ ಬಾಯಿ ಮರಗಟ್ಟಿತ್ತು. ಆಗುವುದಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

ಕಾಣೆಯಾಗಬೇಕಾದವಳು ಅವಳ ತಂಗಿ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಗಂಡ ಗುಜರಿ ವ್ಯಾಪಾರಿ. ನನ್ನ ಮನೆಯಿಂದ ಹೆಂಡತಿ ಹೊರಗೆ ಹೋದರೆ ನಾಲ್ಕು ಜನರ ಹೆಗಲ ಮೇಲೆಯೇ ಹೋಗಬೇಕು ಎಂದು ಬಾಯಿಬಿಟ್ಟು ಹೇಳಿದವನು. ಅವಳು ಮೊದಲ ಸಲ ಬಸ್ಸು ಹತ್ತಿದಳು. ಎರಡನೆಯ ಸಲ ರೈಲು. ಎರಡು ಸಲವೂ ಮೈದುನ ಹುಡುಕಿಕೊಂಡು ಹೋದ. ಎರಡು ಸಲವೂ ಪೊಲೀಸರೇ ಅವಳಿಗೆ ಬುದ್ಧಿ ಹೇಳಿ, ಮೈದುನನ ಕಾರಿನಲ್ಲಿ ಕೂರಿಸಿ ಕಳಿಸಿದರು. ಎರಡನೆಯ ಸಲದ ನಂತರ ಅವಳ ಬಲಗೈಯ ಬೆರಳುಗಳು ಸೂಜಿ ಹಿಡಿಯುವಂತಿರಲಿಲ್ಲ.

ಮೂರನೆಯ ಸಲಕ್ಕೆ ಬೆರಳಿನಲ್ಲಿ ಮುಗಿಯುವುದಿಲ್ಲ. ಅವಳಿಗೂ ಗೊತ್ತು, ಅಕ್ಕನಿಗೂ ಗೊತ್ತು.

ಹಡಗು ಎಂದೆ. ಮನೆ ಬಿಟ್ಟು ಓಡಿಹೋಗುವವರು ಟೋಪಿ ಹಾಕಿಕೊಂಡು ವಿಹಾರದ ಹಡಗು ಹತ್ತುತ್ತಾರೆಂದು ಯಾರೂ ಎಣಿಸುವುದಿಲ್ಲ. ಮೂರನೆಯ ಬಂದರಿನಲ್ಲಿ ಅವಳ ಜೊತೆ ಓದಿದವಳೊಬ್ಬಳು ಕಾದಿರುತ್ತಾಳೆ. ಇಳಿದವಳು ಮತ್ತೆ ಹತ್ತಬೇಕಾಗಿಲ್ಲ. ಅಲ್ಲಿಯವರೆಗೆ ನಾನು ಗುರುತಿಲ್ಲದವನಂತೆ ಅದೇ ಹಡಗಿನಲ್ಲಿರುತ್ತೇನೆ.

ಒಂದೇ ಒಂದು ಕಟ್ಟಪ್ಪಣೆ ಮಾಡಿದ್ದೆ. ನಿನ್ನ ಸಾಮಾನನ್ನು ನೀನೇ ಹೊತ್ತುಕೊಂಡು ಹತ್ತಬೇಕು.

ಅದಕ್ಕೆ ಕಾರಣವಿದೆ. ರಸ್ತೆಯಂಚಿನಲ್ಲೇ ಪೋರ್ಟರುಗಳು ನಿಂತಿರುತ್ತಾರೆ. ಕೊಟ್ಟರೆ ಟ್ಯಾಗು ಕಟ್ಟುತ್ತಾರೆ. ಟ್ಯಾಗಿನ ಮೇಲೆ ನಿಮ್ಮ ಹೆಸರು, ಕ್ಯಾಬಿನ್ನಿನ ನಂಬರು. ಆಮೇಲೆ ಅದು ಶೆಡ್ಡಿನಲ್ಲಿ ಗುಡ್ಡೆ ಬಿದ್ದಿರುತ್ತದೆ, ಸಂಜೆಗೆ ನಿಮ್ಮ ಬಾಗಿಲಿಗೆ ಬರುತ್ತದೆ. ಅಲ್ಲಿಯವರೆಗೆ ಓದುಬರಹ ಬಲ್ಲ ಯಾರು ಬೇಕಾದರೂ ನೀವು ಯಾವ ಬಾಗಿಲ ಹಿಂದೆ ಮಲಗುತ್ತೀರೆಂದು ತಿಳಿದುಕೊಳ್ಳಬಹುದು. ತಾನೇ ಹೊತ್ತವನಿಗೆ ಟ್ಯಾಗಿಲ್ಲ. ತೋಳು ನೋಯುತ್ತದೆ, ಕ್ಯಾಬಿನ್ ತೆರೆಯುವವರೆಗೆ ಊಟದ ತಟ್ಟೆಯ ಪಕ್ಕ ಸೂಟ್‌ಕೇಸು ಎಳೆದುಕೊಂಡು ತಿರುಗಬೇಕು... ಆದರೆ ಅವನು ಯಾರೂ ಅಲ್ಲ.

ಕೈಬಿಡಬೇಡ, ಹಿಂದೆ ತಿರುಗಿ ನೋಡಬೇಡ ಎಂದಿದ್ದೆ. ತಲೆಯಾಡಿಸಿದ್ದಳು.

ಆ ದಿನ ಅವಳು ಟ್ಯಾಕ್ಸಿಯಿಂದ ಇಳಿದದ್ದನ್ನು ರಸ್ತೆಯಾಚೆಯಿಂದ ನೋಡಿದೆ. ನೀಲಿ ಟೋಪಿ. ಸೂಟ್‌ಕೇಸನ್ನು ಎಡಗೈಯಲ್ಲಿ ಎತ್ತಿದಳು. ವಯಸ್ಸಾದ ಪೋರ್ಟರೊಬ್ಬ ಎದುರಿಗೆ ಬಂದು ಕೈ ಚಾಚಿದ.

“ಕೊಡು ತಾಯಿ. ಇಷ್ಟು ಭಾರ ನೀನು ಹೊರೋದಾದ್ರೆ ನಾವು ಇರೋದು ಯಾಕೆ?”

ಅವಳು ಕೊಟ್ಟುಬಿಟ್ಟಳು.

ಬೈಯಬಹುದಿತ್ತು. ಮನಸ್ಸಾಗಲಿಲ್ಲ. ಹೊರೆ ಇಳಿಸು ಎಂದು ಅವಳಿಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಪೋರ್ಟರು ಅವಳ ಟಿಕೆಟು ನೋಡಿ ನಂಬರು ಬರೆದ, ಟ್ಯಾಗು ಕಟ್ಟಿದ, ಟ್ರಾಲಿಗೆ ಎಸೆದ. ಅವಳು ಬರಿಗೈಯಲ್ಲಿ ಒಳಗೆ ಹೋದಳು.

ಟ್ರಾಲಿ ಶೆಡ್ಡಿನ ಕಡೆ ಹೊರಟಿತು. ಶೆಡ್ಡಿನ ಬಾಗಿಲಲ್ಲಿ ಕೋಟು ಮಡಿಸಿಕೊಂಡು ಒಬ್ಬ ಭಾರಿ ಆಳು ನಿಂತಿದ್ದ. ಒಳಗೆ ಹೋಗುವ ಒಂದೊಂದೇ ಟ್ಯಾಗನ್ನು ಓದುತ್ತಿದ್ದ. ಸಾವಧಾನವಾಗಿ, ದಿನಪತ್ರಿಕೆ ಓದುವ ಹಾಗೆ.

ಅಕ್ಕ ತೋರಿಸಿದ್ದ ಫೋಟೋದಲ್ಲಿದ್ದ ಮುಖ. ಮೈದುನ.

ಓಡಿದೆ. ಎರಡು ಟ್ಯಾಕ್ಸಿಗಳ ನಡುವೆ ನುಸುಳಿದೆ. ಮಗುವಿನ ತಳ್ಳುಗಾಡಿಯೊಂದು ಅಡ್ಡ ಬಂತು, ದಾಟಿದೆ. ಟ್ರಾಲಿ ಎಳೆಯುತ್ತಿದ್ದ ಮೋಟಾರು ಬಂಡಿ ತಿರುವಿನಲ್ಲಿ ನಿಧಾನವಾಯಿತು. ಹಾರಿ, ಬೂದು ಸೂಟ್‌ಕೇಸಿಗೆ ಕೈ ಹಾಕಿದೆ. ಮೇಲಿದ್ದ ನಾಲ್ಕಾರು ಪೆಟ್ಟಿಗೆಗಳು ಉರುಳಿದವು. ಪೋರ್ಟರು ಕಳ್ಳ ಕಳ್ಳ ಎಂದು ಬೊಬ್ಬೆ ಹಾಕುತ್ತಾ ಬೆನ್ನು ಹತ್ತಿದ. ಟ್ಯಾಗು ಕಿತ್ತೆ. ಎಸೆದರೆ ಎತ್ತಿಕೊಳ್ಳುತ್ತಾರೆ. ಬಾಯಿಗೆ ಹಾಕಿಕೊಂಡು ಅಗಿದು ನುಂಗಿದೆ. ಅಂಟು ಕಹಿಯಾಗಿತ್ತು.

ಟಿಕೆಟು ತೋರಿಸಿ ಟರ್ಮಿನಲ್ಲಿನ ಬಾಗಿಲು ದಾಟಿದೆ. ಪೋರ್ಟರು ಹೊರಗೇ ಉಳಿದ.

ಮೈದುನ ಉಳಿಯಲಿಲ್ಲ. ಟ್ಯಾಗು ಅವನಿಗೆ ಸಿಕ್ಕಿರಲಿಲ್ಲ. ಆದರೆ ಸೂಟ್‌ಕೇಸಿನ ಗುರುತು ಸಿಕ್ಕಿತ್ತು.

ಹೀಗೆ ನಾವಿಬ್ಬರೂ ಆ ಸಾಲಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತೆವು.

ಸಾಲು ಬಿಟ್ಟು ಹೊರಗೆ ಬನ್ನಿ ಎಂದ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಸಾಲಿನ ತುದಿಯಲ್ಲಿ ಸ್ಕ್ಯಾನರ್ ಇತ್ತು. ಅದರೊಳಗೆ ಪಿಸ್ತೂಲು ಹೋಗುವುದಿಲ್ಲ. ಮುಂದಿಟ್ಟ ಪ್ರತಿ ಹೆಜ್ಜೆಗೂ ಅದು ಅವನ ಕೈಯಲ್ಲಿ ಉಳಿಯುವ ಹೊತ್ತು ಕಡಿಮೆಯಾಗುತ್ತಿತ್ತು. ಅದು ಅವನಿಗೂ ತಿಳಿದಿತ್ತು.

ಕ್ಯಾಬಿನ್ ಯಾವುದು ಎಂದ. ಗೊತ್ತಿಲ್ಲ ಎಂದೆ. ಅಣ್ಣನಿಗೆ ಅತ್ತಿಗೆಯ ಮೇಲೆ ಎಷ್ಟು ಪ್ರೀತಿ, ಊಟ ಬಿಟ್ಟು ಹೇಗೆ ಕೂತಿದ್ದಾನೆ, ಸಿಕ್ಕಿದ ಮೇಲೆ ಏನೇನು ಮಾಡುತ್ತಾನೆ... ಎಲ್ಲವನ್ನೂ ನನ್ನ ಕಿವಿಯಲ್ಲಿ ಹೇಳಿದ. ದನಿ ಎತ್ತಲಿಲ್ಲ. ತರಕಾರಿಯ ಬೆಲೆ ಹೇಳಿದ ಹಾಗೆ ಹೇಳಿದ. ಅತ್ತಿಗೆ ಎನ್ನುವಾಗ ಒಮ್ಮೆಯೂ ಗೌರವ ತಪ್ಪಲಿಲ್ಲ.

ಸ್ಕ್ಯಾನರಿನ ಆಚೆ ಟಿಕೆಟಿನ ಕೌಂಟರು. ಅಲ್ಲಿ ನೀಲಿ ಟೋಪಿ ಕಂಡಿತು. ಅವಳ ಮುಂದೆ ಇನ್ನೂ ಜನರಿದ್ದರು. ನಾನು ತಲೆ ಎತ್ತಿ ಚಾವಣಿಯ ಫ್ಯಾನು ನೋಡಿದೆ. ನನ್ನ ಕಣ್ಣು ಹೋದಲ್ಲಿಗೆ ಅವನ ಕಣ್ಣೂ ಹೋಗುತ್ತಿತ್ತು. ಇಬ್ಬರೂ ಫ್ಯಾನು ನೋಡಿದೆವು.

ಕಾವಲಿನವರನ್ನು ಕೂಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೂಗಿದರೆ, ಇವನು ನಿನ್ನ ಹಿಂದೆ ಯಾಕೆ ಬಿದ್ದ ಎನ್ನುತ್ತಾರೆ. ಸೂಟ್‌ಕೇಸು ಯಾರದು ಎನ್ನುತ್ತಾರೆ. ಅವಳ ಹೆಸರು ಬರುತ್ತದೆ. ಹೇಳಿಕೆ ಬರೆಸಲು ಅವಳನ್ನು ಕೆಳಗಿಳಿಸುತ್ತಾರೆ. ಗಂಡ ಕಣ್ಣೀರು ಸುರಿಸುತ್ತಾ ಬರುತ್ತಾನೆ. ಪೊಲೀಸರು ಮೂರನೆಯ ಸಲ ಬುದ್ಧಿ ಹೇಳುತ್ತಾರೆ.

“ನೀವು ಹೇಳದಿದ್ರೂ ಪರವಾಗಿಲ್ಲ ಸ್ವಾಮಿ,” ಎಂದ ಮೈದುನ. ಕೋಟಿನ ಜೇಬಿನಿಂದ ಒಂದು ಟಿಕೆಟು ಇಣುಕಿಸಿದ. “ಹೊಲಿಗೆ ಯಂತ್ರದ ಕೆಳಗೆ ಈ ಹಡಗಿನ ಜಾಹೀರಾತು ಸಿಕ್ತು. ನಾನೂ ಬರ್ತಾ ಇದ್ದೀನಿ. ಐದು ರಾತ್ರಿ ಇದೆ, ಹುಡುಕ್ತೀನಿ. ಡೆಕ್ಕಿನ ಕಂಬಿ ಸೊಂಟದೆತ್ತರ ಅಷ್ಟೇ.”

ಸಾಮಾನು ಒಯ್ಯುವ ಸ್ಕ್ಯಾನರಿನ ಪಟ್ಟಿ ಬಂತು. ನನ್ನ ಸರದಿ.

ಬೆನ್ನಿನ ಒತ್ತಡ ತಟ್ಟನೆ ಇಲ್ಲವಾಯಿತು. ಸೂಟ್‌ಕೇಸಿನ ಹೊರಜೇಬಿನ ಜಿಪ್ ಸದ್ದು ಮಾಡಿತು. ತಂತಿ ಕೊರೆದು ಬೆರಳುಗಳು ಜೋಮು ಹಿಡಿದಿದ್ದವು, ತೂಕ ತಿಳಿಯಲಿಲ್ಲ; ಆದರೆ ಸೂಟ್‌ಕೇಸು ಅವನ ಕಡೆಗೆ ವಾಲಿತು. ತಿರುಗಿ ನೋಡಿದೆ. ಅವನು ಕೋಟು ಕೊಡವಿ ಹಾಕಿಕೊಳ್ಳುತ್ತಿದ್ದ. ಕೈ ಖಾಲಿ. ನನ್ನನ್ನು ನೋಡಿ ನಕ್ಕ.

ಬುದ್ಧಿವಂತ. ಪಿಸ್ತೂಲೂ ಹೋಯಿತು, ನಾನೂ ಹೋದೆ. ನನ್ನನ್ನು ಹಿಡಿಯುತ್ತಾರೆ. ಅವನು ನಡೆದು ಹೋಗಿ ಹಡಗು ಹತ್ತುತ್ತಾನೆ. ಅವನಿಗೂ ಅವಳಿಗೂ ನಡುವೆ ಒಂದು ಬಾಗಿಲು ಮಾತ್ರ ಉಳಿಯುತ್ತದೆ.

ನನ್ನದಲ್ಲ ಎನ್ನುವಂತಿರಲಿಲ್ಲ. ಮತ್ತೆ ಯಾರದು ಎನ್ನುತ್ತಾರೆ.

ಎತ್ತಿ ಪಟ್ಟಿಯ ಮೇಲಿಟ್ಟೆ.

ಪಟ್ಟಿ ನಿಂತಿತು. ಪರದೆಯ ಮುಂದಿದ್ದ ಹುಡುಗಿ ಬಾಯಿಗೆ ಕೈ ಹಿಡಿದಳು. ನರೆಗೂದಲಿನ ಅಧಿಕಾರಿಣಿಯೊಬ್ಬರು ಬಂದರು. ಇಬ್ಬರು ಕಾವಲಿನವರು ನನ್ನ ತೋಳು ಹಿಡಿದರು.

“ಈ ಸೂಟ್‌ಕೇಸು ನಿಮ್ಮದಾ?”

“ನನ್ನದೇ.”

“ನೀವೇ ತುಂಬಿದ್ದಾ?”

“ನಾನೇ.”

ತೆರೆದರು. ಮೊದಲು ಪಿಸ್ತೂಲು ಬಂತು. ಆಮೇಲೆ ಹೂವಿನ ಚಿತ್ರದ ಬಟ್ಟೆಗಳು, ಸಣ್ಣ ಅಳತೆಯ ಚಪ್ಪಲಿ, ದಾರದ ಉಂಡೆಗಳು. ಅಧಿಕಾರಿಣಿ ಒಂದು ಬಟ್ಟೆಯನ್ನು ಎತ್ತಿ ಹಿಡಿದು, ನನ್ನ ಭುಜದಗಲ ನೋಡಿ, ಮಡಿಸಿ ಕೆಳಗಿಟ್ಟರು.

ಪಕ್ಕದ ಲೋಹಶೋಧಕ ಕಮಾನಿನೊಳಗೆ ಮೈದುನ ನಡೆದು ಹೋಗುತ್ತಿದ್ದ. ಯಂತ್ರ ಸದ್ದು ಮಾಡಲಿಲ್ಲ. ಇನ್ನೆರಡು ಹೆಜ್ಜೆ ಇಟ್ಟರೆ ಅವನು ನೀಲಿ ಟೋಪಿಯ ಬೆನ್ನ ಹಿಂದಿರುತ್ತಿದ್ದ.

“ತಮ್ಮಾ,” ಎಂದು ಕರೆದೆ. “ನಿಲ್ಲೋ. ಅಣ್ಣನ್ನ ಇಲ್ಲಿ ಬಿಟ್ಟು ಒಬ್ಬನೇ ಹೋಗ್ತೀಯಾ?”

ಅವನು ನಿಂತ. ಅಧಿಕಾರಿಣಿ ಕೈ ಮಾಡಿದರು. ಅವನ ತೋಳಿಗೂ ಇಬ್ಬರು ಬಂದರು.

ಈ ಮನುಷ್ಯ ಯಾರೋ ಗೊತ್ತೇ ಇಲ್ಲ ಎಂದ. ಅಷ್ಟರಲ್ಲಿ ಸಾಲಿನಲ್ಲಿ ನಮ್ಮ ಹಿಂದಿದ್ದ ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು.

“ಯಾಕಪ್ಪಾ ಸುಳ್ಳು ಹೇಳ್ತೀಯ? ಬಾಗಿಲಿಂದ ಇಲ್ಲೀತನಕ ಅವನ ಕಿವಿ ಕಚ್ಚಿಕೊಂಡೇ ಬಂದೆಯಲ್ಲ. ನಮ್ಮ ಮಕ್ಕಳೂ ಇದ್ದಾರೆ, ಒಬ್ಬರ ಮುಖ ಒಬ್ಬರು ನೋಡಲ್ಲ. ಇವರನ್ನ ನೋಡಿ ಹೊಟ್ಟೆ ತಣ್ಣಗಾಯ್ತು ಅಂದುಕೊಂಡೆ.”

ಅವನ ಗುರುತಿನ ಚೀಟಿ ನೋಡಿದರು, ನನ್ನದು ನೋಡಿದರು. ಮನೆತನದ ಹೆಸರು ಬೇರೆ. ಚಿಕ್ಕಮ್ಮನ ಮಗ ಎಂದೆ. ಒಂದೇ ಮನೆಯಲ್ಲಿ ಬೆಳೆದವರು ಎಂದೆ.

ಮೈದುನನ ತಾಳ್ಮೆ ಆಗ ತಪ್ಪಿತು.

“ಆ ಸೂಟ್‌ಕೇಸು ಇವನದಲ್ಲ ಮೇಡಂ. ಅದು ನಮ್ಮ ಅತ್ತಿಗೇದು. ಹಿಡಿಗೆ ತಂತಿ ಸುತ್ತಿದ್ದು ನಾನೇ.”

“ನಿಮ್ಮ ಅತ್ತಿಗೆ ಎಲ್ಲಿದ್ದಾರೆ?” ಎಂದರು ಅಧಿಕಾರಿಣಿ.

ಕೌಂಟರಿನಲ್ಲಿ ನೀಲಿ ಟೋಪಿಯ ಸರದಿ ಬಂದಿತ್ತು. ಅವಳು ಟಿಕೆಟು ಮುಂದಿಟ್ಟಿದ್ದಳು. ತಿರುಗಿ ನೋಡಿದರೆ ಮುಗಿಯಿತು. ಅವನು ಬೆರಳು ತೋರಿಸಿದರೆ ಮುಗಿಯಿತು. ಅವನ ಕಣ್ಣು ಆ ಹಜಾರದ ಟೋಪಿಗಳನ್ನು ಒಂದೊಂದಾಗಿ ಸೋಸತೊಡಗಿತು.

“ಇವನ ಅತ್ತಿಗೆ ಅಂದ್ರೆ ನನ್ನ ಹೆಂಡತಿ,” ಎಂದೆ. “ತೀರಿಕೊಂಡು ವರ್ಷ ಆಯ್ತು. ಬಟ್ಟೆ ಯಾರಿಗೂ ಕೊಡೋಕೆ ಮನಸ್ಸು ಬರಲಿಲ್ಲ. ಸಮುದ್ರಕ್ಕೆ ಬಿಡೋಣ ಅಂತ ತಂದೆ.”

ಹೆಂಡತಿ ತೀರಿಕೊಂಡದ್ದು ನಿಜ. ಆ ದಿನ ನಾನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ. ಆ ಮಾತನ್ನು ವರ್ಷವಿಡೀ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನೋ ಆಗುತ್ತದೆ ಎಂದುಕೊಂಡಿದ್ದೆ.

ಏನೂ ಆಗಲಿಲ್ಲ.

ಅಧಿಕಾರಿಣಿ ಆ ಬಟ್ಟೆಗಳನ್ನು ಮತ್ತೊಮ್ಮೆ ನೋಡಿದರು. ಮೈದುನ ಬಾಯಿ ತೆರೆದ. ಸೂಟ್‌ಕೇಸು ನಿಮ್ಮ ಮನೆಯದೇ ಎಂದು ನೀವೇ ಒಪ್ಪಿದಿರಿ, ಹಾಗಾದರೆ ಪಿಸ್ತೂಲು ಯಾರದು ಎಂದು ಅವರು ಕೇಳಿದರು. ಅವನು ನನ್ನ ಕಡೆ ಕೈ ತೋರಿಸಿದ. ಆ ಪಿಸ್ತೂಲಿನ ಮೇಲೆ ನನ್ನ ಬೆರಳಿನ ಗುರುತು ಒಂದೂ ಇರಲಿಲ್ಲ. ಇದ್ದವೆಲ್ಲ ಅವನವೇ.

ನೀಲಿ ಟೋಪಿ ಕೌಂಟರು ದಾಟಿ ಮೇಲೆ ಹೋಯಿತು. ಕೈಯಲ್ಲಿ ಏನೂ ಇರಲಿಲ್ಲ. ಅವಳು ತಿರುಗಿ ನೋಡಲಿಲ್ಲ.

ನಮ್ಮಿಬ್ಬರನ್ನೂ ಪೊಲೀಸ್ ವ್ಯಾನಿನಲ್ಲಿ ಎದುರುಬದುರು ಕೂರಿಸಿದರು. ಅತ್ತಿಗೆ ಹಡಗಿನಲ್ಲಿದ್ದಾರೆ, ಇಳಿಸಿ ಎಂದು ಅವನು ದಾರಿಯುದ್ದಕ್ಕೂ ಹೇಳಿದ. ಸತ್ತವರ ವಿಷಯದಲ್ಲಿ ಹೀಗೆ ಮಾತಾಡಬಾರದು ಎಂದು ಹವಾಲ್ದಾರ ಗದರಿಸಿದ. ಸಂಜೆ, ಠಾಣೆಯ ಕಿಟಕಿಯಿಂದ ಹಡಗು ಹೊರಟದ್ದು ಕಂಡಿತು. ದೀಪ ಹಚ್ಚಿದ ಬೀದಿಯೊಂದು ಇದ್ದಕ್ಕಿದ್ದಂತೆ ಜಾಗ ಬಿಟ್ಟು ಸರಿದ ಹಾಗೆ. ನೋಡಿದೆ. ಸಂತೋಷವಾಗಬೇಕಿತ್ತು. ಆಗಿತ್ತೋ ಏನೋ, ನನಗೆ ತಿಳಿಯಲಿಲ್ಲ.

ಹಲ್ಲಿನ ಡಾಕ್ಟರರ ಸಹಾಯಕಿ ಜೈಲಿಗೆ ಒಮ್ಮೆ ಬಂದಳು. ಜಾಲರಿಯ ಆಚೆ ಕೂತು, ಯಾರೂ ಕೇಳುತ್ತಿಲ್ಲವೆಂದು ಖಚಿತವಾದ ಮೇಲೆ ಬಾಯಿ ತೆರೆದಳು.

“ಇಳಿದಳು.”

ಅಷ್ಟು ಹೇಳಿ ಎದ್ದು ಹೋದಳು.

ಸೂಟ್‌ಕೇಸು ನನ್ನದು, ಪಿಸ್ತೂಲು ಅವನದು ಎಂದು ತೀರ್ಪಾಗಿ ಇಬ್ಬರಿಗೂ ಸಮನಾಗಿ ಶಿಕ್ಷೆ ಬಿದ್ದಿತ್ತು. ಜೈಲಿನ ಅಧಿಕಾರಿ ಸಂಸಾರವಂದಿಗ, ಬಹಳ ಒಳ್ಳೆಯ ಮನುಷ್ಯ. ಕಾಗದಪತ್ರ ಓದಿ ಮರುಗಿದ. ಅಣ್ಣತಮ್ಮಂದಿರನ್ನು ಅಗಲಿಸಬಾರದೆಂದು ಇಬ್ಬರನ್ನೂ ಒಂದೇ ಕೋಣೆಗೆ ಹಾಕಿಸಿದ.

ಜಿಗಣೆ ಅಲ್ಲಿಗೆ ನಿಲ್ಲಿಸಿದ. ಆ ಕೋಣೆಯಲ್ಲಿ ಏನಾಯಿತೆಂದು ಯಾರೂ ಕೇಳಲಿಲ್ಲ. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಮನೆಗೆ ಹೋದರು.