ಕೆಂಪು ಡಾಟ್ಸನ್ನಿನ ಜೋಡಿ ಕಾರ್ಬುರೇಟರ್

ಅಕ್ಟೋಬರ್ ಮೂರು, ವಿಜಯದಶಮಿಯ ಮಾರನೆಯ ದಿನ, ಬೆಳಿಗ್ಗೆ ಹತ್ತು ಗಂಟೆ. ಜಂಬೂಸವಾರಿಯ ಬಂದೋಬಸ್ತು ಮುಗಿಸಿ ಬಂದಿದ್ದ ಸರಸ್ವತಿಪುರಂ ಠಾಣೆಯ ಸಿಬ್ಬಂದಿಗೆ ಇನ್ನೂ ಕಾಲುನೋವು ಇಳಿದಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಚಿಕ್ಕಬಸವಯ್ಯ ಮೇಜಿನ ಕೆಳಗೆ ಬೂಟು ಬಿಚ್ಚಿಟ್ಟು ಕಾಲ್ಬೆರಳು ಆಡಿಸುತ್ತ ಕೂತಿದ್ದ. ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿಯ, ಅರವತ್ತೈದು ದಾಟಿದ ಒಬ್ಬರು ಬಂದು ಎದುರಿಗೆ ನಿಂತರು. ಅಂಗಿ ಬೆಳ್ಳಗಿತ್ತು, ಉಗುರಿನ ಸಂದಿಯಲ್ಲಿ ಮಾತ್ರ ಹಳೆಯ ಗ್ರೀಸು.

"ನನ್ನ ಹೆಸರು ಚೆಲುವರಾಜು ಅಂತ. ಮನೇಲಿ ಕಳ್ಳತನ ಆಗಿದೆ."

"ಏನ್ ಹೋಗಿದೆ ಯಜಮಾನ್ರೆ?"

"ಆಂ?" ಅವರು ಕಿವಿ ಮುಂದೆ ತಂದರು.

"ಏನ್ ಹೋಗಿದೆ ಅಂದೆ!"

"ಕಾರ್ಬುರೇಟರು. ಎರಡೂ."

"ಕಾರು?"

"ಕಾರ್ ಇದೆ."

"ಬ್ಯಾಟರಿ, ಟೈರು?"

"ಎಲ್ಲಾ ಇದೆ."

ಚಿಕ್ಕಬಸವಯ್ಯ ಒಳಕೋಣೆಯ ಕಡೆ ತಿರುಗಿ ಕೂಗಿದ. "ಮೇಡಂ, ಇಲ್ ಬನ್ನಿ. ಮನುಸನ್ನ ಬುಟ್ಬುಟ್ಟು ಮೂಗು ಕುಯ್ಕಂಡ್ ಹೋಗವ್ರೆ."

ಇನ್ಸ್‌ಪೆಕ್ಟರ್ ಭಾನುಪ್ರಿಯಾ ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬಂದಳು. ಇಲವಾಲದ ಆಚೆಯ ಹಳ್ಳಿಯವಳು. ಬೇಸಾಯದ ಮನೆಯಲ್ಲಿ ಬೆಳೆದವಳು. ಮೂರು ದಿನದಿಂದ ಜನಜಂಗುಳಿ, ಕಾಣೆಯಾದ ಮಕ್ಕಳು, ಜೇಬುಗಳ್ಳರು ಎಂದು ಓಡಾಡಿ ಬೇಸತ್ತಿದ್ದವಳಿಗೆ ಈ ದೂರು ಕೇಳಿ ಕುತೂಹಲ ಹುಟ್ಟಿತು. ಚೆಲುವರಾಜು ಅವರನ್ನು ಕೂರಿಸಿ, ಇನ್ನೊಂದು ಕಾಫಿ ತರಿಸಿ, ನಿಧಾನವಾಗಿ ಕೇಳಿದಳು.

ಅವರು ರೈಲ್ವೆ ಕಾರ್ಯಾಗಾರದಿಂದ ನಿವೃತ್ತರಾದವರು. ಯಾರೋ ಎಂಜಿನಿಯರು ಎಂದೋ ಜಪಾನಿನಿಂದ ಹಡಗಿನಲ್ಲಿ ತರಿಸಿದ್ದ ಡಾಟ್ಸನ್ ಕಾರು ಅದು: ಎರಡೇ ಸೀಟು, ಉದ್ದನೆಯ ಮೂತಿ, ಆರು ಸಿಲಿಂಡರು. ಎಂಜಿನಿಯರು ತೀರಿಕೊಂಡ ಮೇಲೆ ಇಲವಾಲದ ಒಂದು ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಚೆಲುವರಾಜು ಅದನ್ನು ಮೊದಲ ಸಲ ನೋಡಿದಾಗ ಡ್ರೈವರ್ ಸೀಟಿನ ಮೇಲೆ ಕೋಳಿ ಕಾವು ಕೂತಿತ್ತಂತೆ. ಮರಿಯಾಗುವವರೆಗೆ ಕಾದು, ಆಮೇಲೆ ಲಾರಿಯಲ್ಲಿ ಮನೆಗೆ ತಂದರಂತೆ. ಅಲ್ಲಿಂದ ಆರು ವರ್ಷ ಮನೆಯ ಷೆಡ್ಡಿನಲ್ಲೇ ಕೆಲಸ. ತುಕ್ಕು ತಿಂದ ತಳ ಕತ್ತರಿಸಿ ಹೊಸ ತಗಡು ಬೆಸೆದರು, ವೈರಿಂಗ್ ಪೂರ್ತಿ ಹೊಸದಾಗಿ ಎಳೆದರು, ಬ್ರೇಕಿನ ರಬ್ಬರುಗಳನ್ನು ಜಪಾನಿನಿಂದಲೇ ತರಿಸಿದರು.

"ಭಾನುವಾರ ಕೊಯಮತ್ತೂರಿನವರು ಬರ್ತಾರೆ ಮೇಡಂ, ಕಾರ್ ತಗೊಂಡು ಹೋಗೋಕೆ. ಸ್ಟಾರ್ಟ್ ಆಗ್ದೇ ಇದ್ರೆ ವ್ಯಾಪಾರ ಅಲ್ಲಿಗೇ ಮುರೀತದೆ."

"ಇಷ್ಟು ವರ್ಷ ಮಾಡಿ ಈಗ ಯಾಕ್ ಕೊಡ್ತಿದೀರಿ?"

ಪ್ರಶ್ನೆಯೇ ಅರ್ಥವಾಗದವರಂತೆ ಚೆಲುವರಾಜು ನೋಡಿದರು. "ಮುಗೀತಲ್ಲ ಮೇಡಂ. ಮುಗಿದ್ಮೇಲೆ ಇಟ್ಕೊಂಡು ಏನ್ ಮಾಡ್ಲಿ?"

ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಅಡಿ ಎಫ್‌ಐಆರ್ ದಾಖಲಾಯಿತು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಪಕ್ಕದ ಮನೆಯವರಿಬ್ಬರು ಪಂಚರು. ಷೆಡ್ಡಿನ ಬೀಗ ಒಡೆದಿರಲಿಲ್ಲ. ಕೀಲಿ ಬಾಗಿಲ ಚೌಕಟ್ಟಿನ ಮೇಲೆ ಇರುತ್ತದೆ, ಅದು ಮನೆಯವರಿಗಲ್ಲದೆ ಯಾರಿಗೂ ಗೊತ್ತಿಲ್ಲ ಎಂದು ಚೆಲುವರಾಜು ಹೇಳಿದರು. ಕಾರಿನ ಮೂತಿಗೆ ಕಟ್ಟಿದ್ದ ಸೇವಂತಿಗೆ ಹಾರ ಬಾಡಿತ್ತು, ಚಕ್ರದ ಪಕ್ಕ ಒಡೆದ ಕುಂಬಳಕಾಯಿಯ ಕೆಂಪು. ಆಯುಧಪೂಜೆಯ ಬೆಳಿಗ್ಗೆ ಪೂಜೆ ಮಾಡಿ, ಬೀದಿಯವರಿಗೆಲ್ಲ ಪುರಿ-ಕಡಲೆ ಹಂಚಿ, ಮಧ್ಯಾಹ್ನ ದಂಪತಿ ಕುವೆಂಪುನಗರದ ಮಗಳ ಮನೆಗೆ ಊಟಕ್ಕೆ ಹೋಗಿದ್ದರು. ಪೂಜೆಗಿಟ್ಟ ಆಯುಧ ಮುಟ್ಟಬಾರದೆಂದು ಆ ದಿನ ಮತ್ತೆ ಷೆಡ್ಡು ತೆರೆಯಲಿಲ್ಲ. ವಿಜಯದಶಮಿಯ ಸಂಜೆ ಬಾನೆಟ್ ಎತ್ತಿ ನೋಡಿದರೆ ಕಾರ್ಬುರೇಟರ್ ಇದ್ದ ಜಾಗ ಖಾಲಿ.

ಭಾನುಪ್ರಿಯಾ ಎಂಜಿನ್ನಿನ ಮೇಲೆ ಬಗ್ಗಿದಳು. ಕಾರ್ಬುರೇಟರ್ ಕೂರುವ ಬೋಲ್ಟುಗಳ ಮೇಲೆ ನಟ್ಟುಗಳನ್ನು ಮತ್ತೆ ಕೈಯಲ್ಲೇ ತಿರುಗಿಸಿ ಕೂರಿಸಿದ್ದರು, ಒಂದೂ ಕಳೆದಿರಲಿಲ್ಲ. ಪೆಟ್ರೋಲ್ ಪೈಪಿನ ಬಾಯಿ ಮಡಚಿ ದಾರ ಕಟ್ಟಿತ್ತು. ಎಂಜಿನ್ನಿನ ತೆರೆದ ಎರಡು ಬಾಯಿಗೂ ಮೆತ್ತನೆಯ ಬಿಳಿ ಬಟ್ಟೆಯನ್ನು ಉಂಡೆ ಮಾಡಿ ತುರುಕಿತ್ತು.

"ಈ ಬಟ್ಟೆ ನೀವ್ ಇಟ್ಟಿದ್ದಾ?"

"ನಾನ್ ಏನೂ ಮುಟ್ಟಿಲ್ಲ."

ಅವಳಿಗೆ ತನ್ನಪ್ಪ ನೆನಪಾದ. ತೋಟದ ಪಂಪ್‌ಸೆಟ್ ರಿಪೇರಿಗೆ ಬಿಚ್ಚಿದಾಗಲೆಲ್ಲ ಅವನು ಮೊದಲು ತಲೆಯ ವಸ್ತ್ರ ತೆಗೆದು ಪೈಪಿನ ಬಾಯಿಗೆ ತುರುಕುತ್ತಿದ್ದ. ಕಸ ಬೀಳಬಾರದು, ಹುಳ ಹೋಗಬಾರದು ಎಂದು. ಮತ್ತೆ ಜೋಡಿಸುವವರು ಮಾಡುವ ಕೆಲಸ ಅದು.

"ಬಸವಯ್ಯ, ಯಾವ ಕಳ್ಳ ಹೀಗ್ ಮಾಡ್ತಾನ್ರೀ?"

"ಬಲೇ ಮರ್ಯಾದಸ್ತ ಮೇಡಂ. ಬಾಗ್ಲು ತೆಗ್ದೋನು ಬೀಗ ಬೇರೆ ಹಾಕ್ಬುಟ್ಟು ಹೋಗವ್ನೆ."

ಪಕ್ಕದ ಬೆಂಚಿನ ಮೇಲೆ ಸ್ಪ್ಯಾನರುಗಳು ಸಾಲಾಗಿ ಇದ್ದವು. ಸಂಜೆ ಬಾನೆಟ್ ಎತ್ತಿದ ಗಾಬರಿಯಲ್ಲಿ ಚೆಲುವರಾಜು ಅವನ್ನು ತೆಗೆದಿರಲೂ ಇಲ್ಲ. ಪ್ರತಿಯೊಂದರ ಮೇಲೂ ಅರಿಶಿನ, ಕುಂಕುಮ, ಒಂದೊಂದು ಹೂವು. ಕೈಗೆಟುಕುವಲ್ಲೇ ಇದ್ದರೂ ಕಳ್ಳ ಅವುಗಳಲ್ಲಿ ಒಂದನ್ನೂ ಕದಲಿಸಿರಲಿಲ್ಲ. ತನ್ನ ಸ್ಪ್ಯಾನರು ತಾನೇ ತಂದಿದ್ದ.

ಬಟ್ಟೆಯನ್ನು ಪಂಚರ ಮುಂದೆ ವಶಕ್ಕೆ ತೆಗೆದುಕೊಳ್ಳುವಾಗ ಭಾನುಪ್ರಿಯಾ ಮೂಸಿ ನೋಡಿದಳು. ಪೆಟ್ರೋಲಿನ ಹಿಂದೆ ಇನ್ನೊಂದು ವಾಸನೆ. ಅಂಚಿಗೆ ಬಿಳಿಯ ಪುಡಿ ಮೆತ್ತಿತ್ತು, ಬೆರಳಿಗೆ ಅಂಟುತ್ತಿತ್ತು. ಊರಿನಲ್ಲಿ ಪಂಜು ಹಿಡಿದವರು ಉರಿಯ ಮೇಲೆ ಎರಚುತ್ತಿದ್ದ ಪುಡಿ.

"ರಾಳ," ಅಂದಳು. "ನೀವ್ ಬೆಸುಗೆಗೆ ರಾಳ ಬಳಸ್ತೀರಾ?"

"ಆಂ? ರಾಳವಾ? ಈಗ ಯಾರ್ ಬಳಸ್ತಾರೆ ಮೇಡಂ, ತಂತಿ ಒಳಗೇ ಬರುತ್ತೆ."

ಷೆಡ್ಡಿನ ಮೂಲೆಯಲ್ಲಿ ಮೆತ್ತೆ ಹಾಕಿದ ಒಂದು ಸ್ಟೂಲು. ಅದರ ಮೇಲಿನ ಮೊಳೆಗೆ ಗೇಣುದ್ದದ ರಬ್ಬರ್ ಪೈಪು.

"ಇಲ್ಲಿ ನಿಮ್ ಜೊತೆ ಯಾರು ಕೆಲಸ ಮಾಡ್ತಾರೆ?"

"ಯಾರೂ ಇಲ್ಲ. ನಾನೊಬ್ನೇ."

"ಸ್ಟೂಲು?"

"ಅದಾ, ಎದುರು ಮನೆ ಸುಮಿತ್ರಮ್ಮನೋರು ಭಾನುವಾರ ಬರ್ತಾರೆ. ಬಂದು ಕೂತ್ಕೋತಾರೆ, ಅಷ್ಟೇ."

ಮಧ್ಯಾಹ್ನ ಚಿಕ್ಕಬಸವಯ್ಯ ಕಾರ್ಬುರೇಟರಿನ ಫೋಟೋ ಹಿಡಿದು ಮಂಡಿ ಮೊಹಲ್ಲಾದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ. ಸಂಜೆ ಬಂದು ವರದಿ ಒಪ್ಪಿಸಿದ: ಅಂಥದ್ದು ಯಾರೂ ತಂದಿಲ್ಲ. "ಇದನ್ನ ಹಾಕೋಕೆ ಈ ಊರಲ್ಲಿ ಇನ್ನೊಂದು ಗಾಡಿ ಬ್ಯಾಡ್ವಾ, ಕದ್ದೋನು ಕೊರಳಿಗೆ ಕಟ್ಕೋಬೇಕು ಅಂದ್ರು ಮೇಡಂ." ಹಾಗಾದರೆ ಮಾರುವುದಕ್ಕೆ ಕದ್ದದ್ದಲ್ಲ. ಕಾರ್ಬುರೇಟರ್ ಇಲ್ಲದೆ ಆಗುವ ನಷ್ಟ ಒಂದೇ: ಭಾನುವಾರ ಕಾರು ಹೊರಡುವುದಿಲ್ಲ.

ಮರುದಿನ, ಶನಿವಾರ, ಮಧ್ಯಾಹ್ನ ಮೂರಕ್ಕೆ ಭಾನುಪ್ರಿಯಾ ಚೆಲುವರಾಜು ಅವರ ಹೆಂಡತಿ ಸರೋಜಮ್ಮನ ಹೇಳಿಕೆ ಪಡೆಯಲು ಹೋದಳು. ಸರೋಜಮ್ಮ ಅವರೆಕಾಯಿ ಸುಲಿಯುತ್ತ ಮಾತಾಡಿದರು.

"ಬರೀ ಕೂತ್ಕೋತಾರಂತಾ? ಹಂಗಂದ್ರಾ ಇವ್ರು? ಚೆನ್ನಾಗಿದೆ ಕಣಮ್ಮ. ಇವ್ರಿಗೆ ವರ್ಕ್‌ಷಾಪ್ ಸದ್ದಲ್ಲಿ ಕಿವಿ ಹೋಗಿದೆ. ಆ ಕಾರ್ ಮೊದಲ್ನೇ ಸಲ ಸ್ಟಾರ್ಟ್ ಆದ ದಿನ ಬೀದಿಗೆಲ್ಲ ಹೊಗೆ. ಸುಮಿತ್ರಮ್ಮ ಜಗಳಕ್ಕೇ ಬಂದ್ರು, ಪಾಠ ಮಾಡೋಕ್ ಆಗಲ್ಲ ಅಂತ. ಬಂದೋರು ಹಂಗೇ ನಿಂತ್ಕೊಂಡು, 'ಎರಡರ ಶ್ರುತಿ ಬೇರೆ ಬೇರೆ ಇದೆಯಲ್ರೀ' ಅಂದ್ರು ನೋಡಿ, ಇವ್ರು ಸ್ಟೂಲ್ ತಂದು ಹಾಕೇಬಿಟ್ರು."

"ಯಾವ ಎರಡು?"

"ಅದೇ, ಹೋಗಿವೆಯಲ್ಲ, ಅವು. ಎರಡೂ ಸಮವಾಗಿ ಗಾಳಿ ಎಳೀಬೇಕಂತೆ. ಪೈಪಿನ ಒಂದು ತುದಿ ಅದರ ಬಾಯಿಗೆ, ಇನ್ನೊಂದು ತುದಿ ಆಯಮ್ಮನ ಕಿವಿಗೆ. ಅವ್ರು 'ಎಡಗಡೇದು ಮೇಲಿದೆ' ಅನ್ನೋದು, ಇವ್ರು ಸ್ಕ್ರೂ ತಿರುಗ್ಸೋದು. ಆಮೇಲಾಮೇಲೆ ಬಿಚ್ಚೋದು ಜೋಡ್ಸೋದೂ ಕಲಿಸಿದ್ರು."

"ನಿಮಗೇನೂ ಅನ್ನಿಸ್ತಿರ್ಲಿಲ್ವಾ?"

"ಭಾನುವಾರ ನಂಗೆ ನೆಮ್ಮದಿಯಾಗಿ ಟೀವಿ ನೋಡೋಕೆ ಆಗ್ತಿತ್ತು ಕಣಮ್ಮ!" ಸರೋಜಮ್ಮ ನಕ್ಕರು. ಆಮೇಲೆ ಪೊಲೀಸಿನವಳ ಮುಖ ನೋಡಿ, ಸುಲಿಯುತ್ತಿದ್ದ ಕೈ ನಿಲ್ಲಿಸಿದರು. "ಯಾಕೆ ಕೇಳ್ತಿದೀರಿ?"

ಎದುರು ಮನೆಯ ಬಾಗಿಲು ತೆರೆದೇ ಇತ್ತು. ಸುಮಿತ್ರಮ್ಮ, ಅರವತ್ತರ ಆಸುಪಾಸಿನ ಸಣಕಲು ಹೆಂಗಸು, ಚಾಪೆಯ ಮೇಲೆ ಕೂತು ಪಿಟೀಲಿನ ಕಮಾನಿಗೆ ಜೇನುಬಣ್ಣದ ಹರಳಿನಂಥ ಏನನ್ನೋ ಉಜ್ಜುತ್ತಿದ್ದರು. ಬಾಗಿಲವರೆಗೂ ಅದೇ ವಾಸನೆ.

"ಅದು ರಾಳ ಅಲ್ವಾ ಅಮ್ಮ?"

"ಹೌದು. ಉಜ್ಜದಿದ್ರೆ ತಂತಿ ಹಿಡಿಯಲ್ಲ."

ಗೋಡೆ ಪಕ್ಕದ ಮಣೆಯ ಮೇಲೆ ಸರಸ್ವತಿ ಪೂಜೆಯ ಹೂವು ಇನ್ನೂ ಇತ್ತು. ಪಿಟೀಲು ಇದ್ದ ಜಾಗದ ಪಕ್ಕದಲ್ಲೇ ಒಂದು ಸ್ಪ್ಯಾನರು. ತುದಿಯಲ್ಲಿ ಕುಂಕುಮ ಇತ್ತು. ನಡುವೆ, ಕೈ ಹಿಡಿಯುವಲ್ಲಿ, ಅಳಿಸಿಹೋಗಿತ್ತು.

"ಇದು?"

"ಅವ್ರೇ ಕೊಟ್ಟಿದ್ದು. ನನ್ನದೇ." ಸುಮಿತ್ರಮ್ಮ ಕಮಾನನ್ನು ಕೆಳಗಿಟ್ಟರು. "ಬಟ್ಟೆ ನೋಡಿದ್ರಾ?"

"ನೋಡಿದೆ."

"ಪಿಟೀಲು ಒರೆಸೋದು. ಮನೇಲಿ ಅದಕ್ಕಿಂತ ಶುದ್ಧವಾದ ಬಟ್ಟೆ ಇರ್ಲಿಲ್ಲ."

"ಎಲ್ಲಿವೆ?"

"ಮಂಚದ ಕೆಳಗೆ, ಟ್ರಂಕಲ್ಲಿ. ನೆಟ್ಟಗೆ ಎತ್ಬೇಕು. ವಾರೆ ಮಾಡಿದ್ರೆ ಒಳಗಿನ ಎಣ್ಣೆ ಚೆಲ್ಲುತ್ತೆ."

ಸ್ವಇಚ್ಛಾ ಹೇಳಿಕೆ ಬರೆದುಕೊಂಡು, ಪಂಚರನ್ನು ಕರೆಸಿ, ಟ್ರಂಕು ತೆಗೆದರು. ಹಳೆಯ ರೇಷ್ಮೆ ಸೀರೆಯ ಮಡಿಕೆಯಲ್ಲಿ ಎರಡು ಕಾರ್ಬುರೇಟರುಗಳು ನೆಟ್ಟಗೆ ಕೂತಿದ್ದವು. ಚಿಕ್ಕಬಸವಯ್ಯ ಎಳೆಗೂಸು ಎತ್ತಿದಂತೆ ಒಂದೊಂದನ್ನೇ ಎತ್ತಿದ. ಅವುಗಳನ್ನು ವಶಕ್ಕೆ ಪಡೆದ ಅಮಾನತು ಪಂಚನಾಮೆ ಆಯಿತು.

"ಯಾಕಮ್ಮ?" ಭಾನುಪ್ರಿಯಾ ಕೇಳಿದಳು.

"ಎಂಜಿನಲ್ಲಿ ಏನೋ ಶಬ್ದ ಇದೆ. ಘಾಟಿ ಇಳಿಯುವಾಗ ಕೈ ಕೊಟ್ರೆ? ಹೇಳಿದ್ರೆ ಅವ್ರು ಕೇಳ್ಲಿಲ್ಲ."

"ಯಾವ ಥರದ ಶಬ್ದ? ಮೆಕ್ಯಾನಿಕ್ ಕರೆಸಿ ತೋರಿಸ್ತೀನಿ."

ಸುಮಿತ್ರಮ್ಮ ಖಾಲಿ ಟ್ರಂಕಿನ ಮುಚ್ಚಳ ಮುಚ್ಚಿ ಚಿಲಕ ಹಾಕಿದರು.

"ಕರೆಸ್ಬೇಡಿ," ಅಂದರು. "ಶಬ್ದ ಇಲ್ಲ. ಎರಡು ವರ್ಷದಿಂದ ಇಲ್ಲ. ನಾನೇ ಇದೆ ಅಂತಿದ್ದೆ. ಎಡಗಡೆ ಕೊಂಚ ಎಳೀತಿದೆ, ಬಲಗಡೆ ಏನೋ ಕೊಸರುತ್ತಿದೆ ಅಂತ. ಅವ್ರು ಪಾಪ ಬಿಚ್ಚೋರು, ತೊಳೆಯೋರು, ಮತ್ತೆ ಕೂರ್ಸೋರು. ಹೋದ ತಿಂಗ್ಳು ಯಾಕೋ ಬಾಯ್ತಪ್ಪಿ ನಿಜ ಹೇಳ್ಬಿಟ್ಟೆ. ಎರಡೂ ಒಂದೇ ಶ್ರುತಿ, ಇನ್ನೇನೂ ಇಲ್ಲ ಅಂದೆ. ಮಾರ್ನೇ ದಿನವೇ ಕೊಯಮತ್ತೂರಿಗೆ ಫೋನ್ ಮಾಡಿದ್ರು."

"ಬೇಡ ಅಂತ ಹೇಳ್ಬಹುದಿತ್ತಲ್ಲ."

"ಏನಂತ ಹೇಳ್ಲಿ? ಕಾರು ಅವ್ರದು. ನಾನು ಬರೀ ಎದುರು ಮನೆಯೋಳು." ಅವರು ಸ್ಪ್ಯಾನರನ್ನು ನೋಡಿದರು. "ಪೂಜೆಗಿಟ್ಟಿದ್ದನ್ನ ಎತ್ತಬಾರದಿತ್ತು. ಅವ್ರ ಆಯುಧ ಮುಟ್ಟೋದಕ್ಕೆ ಮನಸ್ಸು ಬರ್ಲಿಲ್ಲ, ಅದಕ್ಕೆ ನಂದೇ ಎತ್ತಿದೆ."

ಹೆಂಗಸನ್ನು ಸೂರ್ಯಾಸ್ತದ ನಂತರ ಬಂಧಿಸುವಂತಿಲ್ಲ. ಸಂಜೆ ಐದಕ್ಕೆ ಬಂಧನದ ಕಾಗದಗಳಿಗೆ ಸುಮಿತ್ರಮ್ಮ ಸಹಿ ಹಾಕಿದರು. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಹಾಲನ್ನು ಫ್ರಿಜ್ಜಿಗೆ ಸೇರಿಸಿ, ಬಾಗಿಲಿಗೆ ಬೀಗ ಹಾಕಿ, ಜೀಪಿನ ಕಡೆ ನಡೆದರು. ಬೀದಿಯ ಜನ ಗೇಟುಗಳಲ್ಲಿ ನಿಂತಿದ್ದರು. ಚೆಲುವರಾಜು ಬನಿಯನ್ನಿನಲ್ಲೇ, ಚಪ್ಪಲಿಯಿಲ್ಲದ ಕಾಲಲ್ಲಿ ರಸ್ತೆ ದಾಟಿ ಬಂದರು. ಅವರ ಹಿಂದೆ ಸರೋಜಮ್ಮ.

"ಮೇಡಂ, ಕಂಪ್ಲೇಂಟ್ ವಾಪಸ್ ತಗೋತೀನಿ."

"ಎಫ್‌ಐಆರ್ ಆಗಿದೆ ಸಾರ್. ಈಗ ಏನಿದ್ರೂ ಕೋರ್ಟಲ್ಲೇ. ಈಗ್ಲೇ ಮ್ಯಾಜಿಸ್ಟ್ರೇಟರ ಹತ್ರ ಕರ್ಕೊಂಡು ಹೋಗ್ತೀವಿ, ವಕೀಲರನ್ನ ಕರ್ಕೊಂಡು ಬನ್ನಿ, ಜಾಮೀನು ಕೇಳಿ. ಕಾರ್ಬುರೇಟರೂ ಕೋರ್ಟ್ ಅಪ್ಪಣೆ ಮೇಲೇ ಸಿಗೋದು. ನಾಳೆಯ ವ್ಯಾಪಾರ ಆಗಲ್ಲ."

ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಸುಮಿತ್ರಮ್ಮನ ಕಡೆ ತಿರುಗಿದರು. ಹೆಡ್ ಕಾನ್‌ಸ್ಟೇಬಲ್ ಆಗಲೇ ಅವರಿಗೆ ಎಲ್ಲ ಹೇಳಿಬಿಟ್ಟಿದ್ದನೆಂದು ಕಾಣುತ್ತದೆ.

"ಹಂಗಾದ್ರೆ ಯುಗಾದಿ ಹಿಂದಿನ ದಿನ ಬಲಗಡೇದು ಕೊಸರ್ತಿದೆ ಅಂದ್ರಲ್ಲ?"

"ಸುಳ್ಳು."

"ಹೋದ ವರ್ಷ ಮಳೆಗಾಲದಲ್ಲಿ, ಪೂರ್ತಿ ಇಳಿಸಿ ತೊಳೆದ್ವಲ್ಲ?"

"ಅದೂ."

ಚೆಲುವರಾಜು ತಮ್ಮ ಎರಡು ಕೈಯನ್ನೂ ನೋಡಿಕೊಂಡರು. "ಎಷ್ಟ್ ಸಲ ಬಿಚ್ಚಿದೀನಿ ನಾನು! ಸುಮ್ ಸುಮ್ನೆ!"

"ಬಿಚ್ಚಿದ್ರಿ," ಸರೋಜಮ್ಮ ಹಿಂದಿನಿಂದ ಅಂದರು. "ಹಾಡ್ ಗುನುಗ್ತಾ ಬಿಚ್ಚಿದ್ರಿ. ಈಗ ಹೋಗಿ ಅಂಗಿ ಹಾಕ್ಕೊಳಿ, ವಕೀಲರ ಮನೆಗೆ ಹೋಗೋಣ."

ಜೀಪು ಹೊರಟಿತು. ಸುಮಿತ್ರಮ್ಮ ತಲೆ ತಗ್ಗಿಸಲಿಲ್ಲ. ಕೈ ಕಟ್ಟಿಕೊಂಡು, ಯಾವುದೋ ಊರಿಗೆ ಹೊರಟ ಬಸ್ಸಿನಲ್ಲಿ ಕೂತವರಂತೆ ಕೂತಿದ್ದರು.

ಆ ದಿನದ ಕೇಸ್ ಡೈರಿಯಲ್ಲಿ ಭಾನುಪ್ರಿಯಾ ಬಂಧನದ ಸಮಯ, ವಶಪಡಿಸಿಕೊಂಡ ವಸ್ತು, ಪಂಚರ ಹೆಸರು ಎಲ್ಲವನ್ನೂ ಬರೆದಳು. ಕೃತ್ಯದ ಉದ್ದೇಶ ಬರೆಯಬೇಕಾದಲ್ಲಿ ಪೆನ್ನು ನಿಂತಿತು. 'ಲಾಭ' ಎಂದು ಬರೆದು ಹೊಡೆದು ಹಾಕಿದಳು. ಅದರ ಕೆಳಗೆ ಬರೆದಳು: ಕಾರಿನ ಕೆಲಸ ಮುಗಿದುಹೋಗುವುದು ಆರೋಪಿಗೆ ಬೇಕಿರಲಿಲ್ಲ.